ದಿನಾ ರಾತ್ರಿ ಎರಡು ಪೆಗ್: ಎಲ್ಲಿಂದ ತೊಂದರೆ ಅಂತ ಲೆಕ್ಕ?

ಮಂಡಕ್ಕಿ_ದಾವಣಗೆರೆ

ನೇರವಾಗಿ ಕೇಳಿಬಿಡುತ್ತೇನೆ. ವಯಸ್ಸು 43. ಫೈನಾನ್ಸ್ ಕಂಪನಿಯಲ್ಲಿ ವಸೂಲಿ ಕೆಲಸ, ದಿನವಿಡೀ ಬೈಕು, ಬಿಸಿಲು, ಜನರ ಬೈಗುಳ. ರಾತ್ರಿ ಮಕ್ಕಳು ಮಲಗಿದ ಮೇಲೆ, ಒಂಬತ್ತೂವರೆ ಹೊತ್ತಿಗೆ, ಟಿವಿ ಮುಂದೆ ಕೂತು ಎರಡು ಲಾರ್ಜ್ ವಿಸ್ಕಿ. ಜೊತೆಗೆ ಖಾರ ಮಂಡಕ್ಕಿ. ಕೆಲವು ದಿನ ಮೂರಾಗುತ್ತದೆ. ಶನಿವಾರ ಸ್ನೇಹಿತರು ಸೇರಿದರೆ ಲೆಕ್ಕ ಇಡುವುದಿಲ್ಲ. ಮೊದಲು ವಾರಕ್ಕೊಮ್ಮೆ ಇತ್ತು, ಯಾವಾಗ ದಿನಾ ಆಯಿತು ಅಂತ ಕೇಳಿದರೆ ನಿಜಕ್ಕೂ ಗೊತ್ತಿಲ್ಲ.

ಗಲಾಟೆ ಮಾಡಿಲ್ಲ, ಮನೆಯಲ್ಲಿ ಕೈ ಎತ್ತಿಲ್ಲ, ಒಂದು ದಿನವೂ ಕೆಲಸ ತಪ್ಪಿಸಿಲ್ಲ, ಕುಡಿದು ಗಾಡಿ ಮುಟ್ಟುವುದಿಲ್ಲ. ಬೆಳಿಗ್ಗೆ ಕೈ ನಡುಗುವುದಿಲ್ಲ. ಶ್ರಾವಣದಲ್ಲಿ ಇಡೀ ತಿಂಗಳು ಬಿಡುತ್ತೇನೆ. ಹಾಗಾಗಿ ಎಲ್ಲ ಕಂಟ್ರೋಲಲ್ಲೇ ಇದೆ ಅಂತಲೇ ಇದ್ದೆ.

ಈಗ ಎರಡು ವಿಷಯ ತಲೆ ತಿನ್ನುತ್ತಿದೆ. ಕಂಪನಿಯವರು ಮಾಡಿಸಿದ ಹೆಲ್ತ್ ಚೆಕಪ್‌ನಲ್ಲಿ ಲಿವರ್ ಟೆಸ್ಟ್‌ನ ಎಸ್‌ಜಿಒಟಿ, ಜಿಜಿಟಿ ಎರಡೂ ಜಾಸ್ತಿ ಬಂದಿವೆ. ಡಾಕ್ಟರ್ "ಡ್ರಿಂಕ್ಸ್ ತಗೋತೀರಾ?" ಅಂದರು, ನಾನು "ಅಪರೂಪಕ್ಕೆ ಸರ್" ಅಂದುಬಿಟ್ಟೆ. ಇನ್ನೊಂದು, ಹೋದ ತಿಂಗಳು ಅತ್ತೆ ಮಾವ ಬಂದಿದ್ದರು. ಅವರ ಎದುರಿಗೆ ಕುಡಿಯುವ ಹಾಗಿಲ್ಲವಲ್ಲ. ಹತ್ತು ಗಂಟೆಗೆ "ಗ್ಯಾಸ್ ಮಾತ್ರೆ ತರ್ತೀನಿ" ಅಂತ ಎದ್ದು ಹೋದೆ. ವಾಪಸ್ ಬಂದಾಗ ಹೆಂಡತಿ ಬಾಗಿಲು ತೆಗೆದು "ಅವರಿಗೂ ಗೊತ್ತಾಯ್ತು ಬಿಡಿ" ಅಂದಳು. ಅಷ್ಟೇ, ಜಗಳ ಇಲ್ಲ ಏನಿಲ್ಲ.

ಉಪದೇಶ ಬೇಡ, ಅದನ್ನು ನಾನೇ ಮಾಡಿಕೊಳ್ಳಬಲ್ಲೆ. ಇದು ಮಾಮೂಲಿ ಅಭ್ಯಾಸವೋ ಕೈಮೀರಿದೆಯೋ ಅಂತ ಗೊತ್ತುಮಾಡಿಕೊಳ್ಳಲು ಏನಾದರೂ ಅಳತೆ ಇದೆಯಾ?

ಹಾಸನ_ಹೈದ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಗುರು. ನಮ್ಮ ತಾತ ದಿನಾ ಸಂಜೆ ಹಾಕಿಕೊಂಡೇ 84 ವರ್ಷ ಬದುಕಿದರು, ಹೊಲದ ಕೆಲಸ ಕೊನೆವರೆಗೂ ಬಿಡಲಿಲ್ಲ. ದಿನವಿಡೀ ದುಡಿದು ಬಂದವನು ಎರಡು ಪೆಗ್ ತಗೊಂಡು ಮಲಗಿದರೆ ಯಾರಿಗೇನು ನಷ್ಟ? ಊಟ ಚೆನ್ನಾಗಿ ಮಾಡಿ. ಖಾಲಿ ಹೊಟ್ಟೆಯಲ್ಲಿ ಕುಡಿಯಬೇಡಿ, ಅಷ್ಟು ಸಾಕು.

ಲೆಕ್ಕದ_ಮೇಷ್ಟ್ರು

ತಾತನ ಲೆಕ್ಕ ಆಮೇಲೆ ನೋಡೋಣ, ಮೊದಲು ಇವರ ಲೆಕ್ಕ.

ನಮ್ಮಲ್ಲಿ ಸಿಗುವ ವಿಸ್ಕಿ, ರಮ್, ಬ್ರಾಂದಿ ಬಾಟಲಿಗಳ ಮೇಲೆ ಸಾಮಾನ್ಯವಾಗಿ ಶೇ. 42.8 ಅಂತ ಇರುತ್ತದೆ. ಅಂದರೆ 60 ಎಂಎಲ್‌ನ ಒಂದು ಲಾರ್ಜ್‌ನಲ್ಲಿ ಸುಮಾರು 20 ಗ್ರಾಂ ಆಲ್ಕೋಹಾಲ್. ವಿಶ್ವ ಆರೋಗ್ಯ ಸಂಸ್ಥೆ ತನ್ನ ಪ್ರಶ್ನಾವಳಿಯಲ್ಲಿ 10 ಗ್ರಾಂ ಅನ್ನು ಒಂದು ಡ್ರಿಂಕ್ ಅಂತ ಹಿಡಿಯುತ್ತದೆ. ನೀವು "ಎರಡು" ಅಂದಾಗ ಅದು ನಾಲ್ಕು. 180 ಎಂಎಲ್‌ನ ಒಂದು ಕ್ವಾರ್ಟರ್ ಪೂರ್ತಿ ಮುಗಿಸಿದರೆ ಆರು. "ನಾನು ಬರೀ ಬಿಯರ್ ಕಣೋ" ಅನ್ನುವವರಿಗೂ ಹೇಳಿಬಿಡುತ್ತೇನೆ, ಶೇ. 8ರ ಸ್ಟ್ರಾಂಗ್ ಬಿಯರ್ 650 ಎಂಎಲ್ ಬಾಟಲಿಯಲ್ಲಿ ಇರುವುದು 41 ಗ್ರಾಂ, ಎರಡು ಲಾರ್ಜ್ ವಿಸ್ಕಿಯಷ್ಟೇ.

ಬ್ರಿಟನ್ನಿನವರು 2016ರಲ್ಲಿ ಹಾಕಿಕೊಂಡ ಮಿತಿ ವಾರಕ್ಕೆ 14 ಯೂನಿಟ್, ಅವರ ಯೂನಿಟ್ 8 ಗ್ರಾಂ, ಒಟ್ಟು 112 ಗ್ರಾಂ. ನೀವು ಹೇಳಿದ ಲೆಕ್ಕದಲ್ಲೇ ಹೋದರೂ ಸೋಮವಾರ ಶುರು ಮಾಡಿದರೆ ಬುಧವಾರ ರಾತ್ರಿಗೆ ವಾರದ ಕೋಟಾ ಮುಗಿಯಿತು. ಇನ್ನು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಇಷ್ಟು ಕುಡಿದರೆ ಏನೂ ಆಗುವುದಿಲ್ಲ ಅನ್ನುವ ಪ್ರಮಾಣವೇ ಇಲ್ಲ ಅಂತ ಹೇಳಿತು. ಅದನ್ನು ಬದಿಗಿಟ್ಟರೂ ನಿಮ್ಮದು ಸಣ್ಣ ಅಳತೆ ಅಲ್ಲ.

ಈಗ ಅಸಲಿ ಪ್ರಶ್ನೆ. ಮನೆಯಲ್ಲಿ ಯಾರೂ ಅಳೆದು ಹಾಕುವುದಿಲ್ಲ, ಲೋಟ ದೊಡ್ಡದು, ಕೈ ಉದಾರ. ಫುಲ್ ಬಾಟಲಿ 750 ಎಂಎಲ್. ದಿನಾ 120 ಆದರೆ ಆರು ದಿನ ಬರಬೇಕು. ನಿಮ್ಮ ಮನೆಯಲ್ಲಿ ಎಷ್ಟು ದಿನ ಬರುತ್ತದೆ? ನಿಮಗೆ ನೆನಪಿಲ್ಲದಿದ್ದರೆ ಹೆಂಡತಿಯನ್ನು ಕೇಳಿ, ಅವರಿಗೆ ಗೊತ್ತಿರುತ್ತದೆ.

ತಾತನ ವಿಷಯ: 84 ಬದುಕಿದ ತಾತ ಎಲ್ಲರಿಗೂ ನೆನಪಿರುತ್ತಾರೆ. 50ಕ್ಕೆ ಹೊಟ್ಟೆಯಲ್ಲಿ ನೀರು ತುಂಬಿ ಹೋದ ಪಕ್ಕದ ಮನೆಯವರ ಕಥೆಯನ್ನು ಯಾರೂ ಫೋರಂನಲ್ಲಿ ಬರೆಯುವುದಿಲ್ಲ.

ಹಳೇ_ಗಿರಾಕಿ

ಮೇಷ್ಟ್ರ ಗ್ರಾಂ ಲೆಕ್ಕ ಸರಿ, ಆದರೆ ನಾನು ಬೇರೆ ಕಡೆಯಿಂದ ನೋಡುತ್ತೇನೆ. ನಾನು ಬಿಟ್ಟು ಕೆಲವು ವರ್ಷ ಆಯಿತು.

ಶ್ರಾವಣದ ಮಾತು ನಾನೂ ಆಡುತ್ತಿದ್ದೆ. ಶ್ರಾವಣ ಅಲ್ಲದೆ ಅಯ್ಯಪ್ಪನ ಮಾಲೆ ಬೇರೆ, 41 ದಿನ ಕಟ್ಟುನಿಟ್ಟು. ಊರೆಲ್ಲ "ನೋಡು, ಮನಸ್ಸು ಮಾಡಿದರೆ ಬಿಡ್ತಾನೆ" ಅಂತಿದ್ದರು. ಆದರೆ ವ್ರತದಲ್ಲಿ ಬಿಡುವುದು ಸುಲಭ ಅಣ್ಣ. ದೇವರ ಭಯ ಇದೆ, ಮನೆಯವರ ಸಾಥ್ ಇದೆ, ಕುಡಿಯೋ ಸ್ನೇಹಿತರೂ ಕರೆಯುವುದಿಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಎಂದು ಮುಗಿಯುತ್ತದೆ ಅಂತ ಕ್ಯಾಲೆಂಡರ್‌ನಲ್ಲೇ ಇದೆ. ಮಾಲೆ ತೆಗೆದ ರಾತ್ರಿ ನಾನು ಕುಡಿಯುತ್ತಿದ್ದದ್ದು ನೆನಪಿಸಿಕೊಂಡರೆ, ಆ 41 ದಿನವನ್ನೂ ಸೇರಿಸಿಯೇ ಕುಡಿಯುತ್ತಿದ್ದೆ ಅನ್ನಿಸುತ್ತದೆ. ನಿಮ್ಮ ಶ್ರಾವಣ ಕಳೆದ ಮೇಲೆ ಮೊದಲ ವಾರ ಹೇಗಿರುತ್ತದೆ ಅಂತ ನೋಡಿಕೊಳ್ಳಿ. ಅದಕ್ಕಿಂತ ಮುಖ್ಯ, ದೇವರೂ ಇಲ್ಲ ಬಾಜಿಯೂ ಇಲ್ಲ, ಸುಮ್ನೆ ಒಂದು ಮಂಗಳವಾರ, ಒಂಬತ್ತೂವರೆಗೆ ಕುಡಿಯದೆ ಇದ್ದರೆ ಏನಾಗುತ್ತದೆ? ಸಿಡಿಸಿಡಿ ಆಗುತ್ತೀರಾ? ನಿದ್ದೆ ಬರುವುದಿಲ್ಲವಾ? ಹತ್ತು ಗಂಟೆಗೆ ಏನೋ ನೆಪ ಹುಟ್ಟಿಕೊಳ್ಳುತ್ತದಾ?

ನನಗೆ ಗೊತ್ತಾದದ್ದು ಕುಡಿತದಿಂದಲ್ಲ, ಕುಡಿತದ ಸುತ್ತ ನಾನು ಮಾಡುತ್ತಿದ್ದ ಏರ್ಪಾಡುಗಳಿಂದ. ಎಲೆಕ್ಷನ್ ಬಂದರೆ ಮತದಾನಕ್ಕೆ ಮುಂಚೆ ಎರಡು ದಿನ ಅಂಗಡಿ ಮುಚ್ಚುತ್ತಾರಲ್ಲ, ಯಾವ ಪಾರ್ಟಿ ಗೆಲ್ಲುತ್ತದೆ ಅನ್ನುವುದಕ್ಕಿಂತ ಮೊದಲು ನಾನು ಸ್ಟಾಕ್ ಯೋಚಿಸುತ್ತಿದ್ದೆ. ಗಾಂಧಿ ಜಯಂತಿ ಯಾವ ವಾರ ಬರುತ್ತದೆ ಅಂತ ಸ್ಕೂಲ್ ಮಕ್ಕಳಿಗಿಂತ ಚೆನ್ನಾಗಿ ಗೊತ್ತಿತ್ತು. ಮದುವೆಗೆ ಹೋಗಬೇಕಾದರೆ ರಾತ್ರಿ ಅಲ್ಲೇ ಉಳಿಯಬೇಕಾ ಅಂತ ಮೊದಲು ಕೇಳುತ್ತಿದ್ದೆ. ಟೆಟ್ರಾ ಪ್ಯಾಕನ್ನು ಕಾಲಲ್ಲಿ ತುಳಿದು ಚಪ್ಪಟೆ ಮಾಡಿ, ನಾಲ್ಕಾಗಿ ಮಡಚಿ, ಖಾಲಿ ಹಾಲಿನ ಕವರ್ ಒಳಗೆ ತುರುಕಿ, ಆ ಕವರನ್ನು ಕಸದ ಬುಟ್ಟಿಯ ತಳಕ್ಕೆ ಒತ್ತಿ, ಮೇಲೆ ಈರುಳ್ಳಿ ಸಿಪ್ಪೆ ಹಾಕುತ್ತಿದ್ದೆ. ಇಷ್ಟು ಶಿಸ್ತಾಗಿ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ.

ನಿಮ್ಮ ಗ್ಯಾಸ್ ಮಾತ್ರೆ ಕಥೆ ಅದೇ ಜಾತಿಯದು. ಎರಡು ಪೆಗ್ಗೋ ಮೂರೋ ಬಿಡಿ, ಅತ್ತೆ ಮಾವ ಹಾಲ್‌ನಲ್ಲಿ ಕೂತಿರುವಾಗ ಒಂದು ರಾತ್ರಿ ತಪ್ಪಿಸಲು ಆಗಲಿಲ್ಲ ಅಲ್ವಾ.

ಶಿರಸಿಯ_ಅಕ್ಕ

ನಾನು ಕುಡಿಯುವವಳಲ್ಲ, ಕುಡಿಯುವವರ ಮನೆಯವಳು. ಅದಕ್ಕೇ ಎರಡು ಮಾತು.

"ಗಲಾಟೆ ಮಾಡಿಲ್ಲ, ಕೈ ಎತ್ತಿಲ್ಲ" ಅಂತ ಬರೆದಿದ್ದೀರಿ. ಒಳ್ಳೆಯದು ತಮ್ಮಾ, ಆದರೆ ಅದು ಮಾರ್ಕ್ಸ್ ಕೊಡುವ ವಿಷಯವಾ? ನಮ್ಮವರೂ ಗಲಾಟೆ ಮಾಡುತ್ತಿರಲಿಲ್ಲ. ಒಂಬತ್ತರ ನಂತರ ಅವರು ಮನೆಯಲ್ಲಿ ಇದ್ದೂ ಇರುತ್ತಿರಲಿಲ್ಲ, ಅಷ್ಟೇ. ಮಗಳಿಗೆ ಲೆಕ್ಕ ಬರದಿದ್ದರೆ ನನ್ನ ಹತ್ತಿರ ಬರುತ್ತಿದ್ದಳು. ನಾನು "ಅಪ್ಪನ್ನ ಕೇಳು" ಅಂದರೆ ಗಡಿಯಾರ ನೋಡಿ "ಈಗ ಬೇಡ" ಅನ್ನುತ್ತಿದ್ದಳು. ಮಕ್ಕಳು ಮಲಗಿದ್ದಾರೆ ಅಂತ ನೀವು ಅಂದುಕೊಂಡಿರುತ್ತೀರಿ. ಫ್ರಿಜ್‌ನಿಂದ ಐಸ್ ಟ್ರೇ ತೆಗೆದು ಸಿಂಕ್ ಅಂಚಿಗೆ ಕುಟ್ಟುವ ಸದ್ದು ಒಳಗಿನ ಕೋಣೆಗೆ ಚೆನ್ನಾಗಿ ಕೇಳುತ್ತದೆ.

ಇನ್ನೊಂದು, ಇದನ್ನು ಓದುವ ಹೆಂಗಸರಿಗೆ. ಬಸ್ ಸ್ಟ್ಯಾಂಡ್ ಗೋಡೆ ಮೇಲೆ, ಈಗ ಮೊಬೈಲ್‌ನಲ್ಲೂ, "ಅವರಿಗೆ ಗೊತ್ತಾಗದಂತೆ ಕುಡಿತ ಬಿಡಿಸಿ, ಕಾಫಿಯಲ್ಲಿ ಬೆರೆಸಿ ಕೊಡಿ" ಅನ್ನುವ ಜಾಹೀರಾತು ಬರುತ್ತವೆ. ನಮ್ಮ ಅತ್ತೆಯೂ ಒಂದು ಪುಡಿ ತರಿಸಿದ್ದರು. ದಯವಿಟ್ಟು ಮಾಡಬೇಡಿ. ಅಂಥ ಪುಡಿಯಲ್ಲಿ ಏನಿದೆ ಅಂತ ಕೊಡುವವರಿಗೂ ಗೊತ್ತಿರುವುದಿಲ್ಲ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಅನ್ನುವ ಮಾತ್ರೆ ಇದೆ, ಅದನ್ನು ತಗೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಜೀವಕ್ಕೇ ಕುತ್ತು ಬರಬಹುದು. ಡಾಕ್ಟರುಗಳು ಅದನ್ನು ಕೊಡುವುದು ಕುಡಿಯುವವರಿಗೆ ತಿಳಿಸಿ, ಒಪ್ಪಿಸಿ, ಪರೀಕ್ಷೆ ಮಾಡಿದ ಮೇಲೆ. ಗುಟ್ಟಾಗಿ ಕೊಡುವ ಸಾಮಾನಲ್ಲ.

ವಾರ್ಡ್_ಸಿಸ್ಟರ್

ವ್ಯಸನಮುಕ್ತಿ ವಾರ್ಡ್‌ನಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತೇನೆ. ನಾನು ಡಾಕ್ಟರ್ ಅಲ್ಲ, ದಿನಾ ನೋಡುವುದನ್ನು ಹೇಳುತ್ತೇನೆ.

ಅಳತೆ ಕೇಳಿದಿರಿ, ಇದೆ. ಮೇಷ್ಟ್ರು ಹೇಳಿದ ಪ್ರಶ್ನಾವಳಿಯ ಹೆಸರು ಆಡಿಟ್. ಹತ್ತು ಪ್ರಶ್ನೆ, ಒಟ್ಟು 40 ಅಂಕ. ಎಷ್ಟು ಸಲ, ಎಷ್ಟು ಕುಡಿಯುತ್ತೀರಿ, ಶುರು ಮಾಡಿದರೆ ನಿಲ್ಲಿಸಲು ಆಗದೆ ಹೋಗಿದೆಯಾ, ರಾತ್ರಿ ನಡೆದದ್ದು ಬೆಳಿಗ್ಗೆ ನೆನಪಿಲ್ಲದೆ ಹೋಗಿದೆಯಾ, ಮನೆಯವರೋ ಡಾಕ್ಟರೋ ಕಮ್ಮಿ ಮಾಡು ಅಂದಿದ್ದಾರಾ, ಹೀಗೆ. 8 ಅಥವಾ ಅದಕ್ಕಿಂತ ಮೇಲೆ ಬಂದರೆ ಎಚ್ಚರ ಬೇಕು. 16ರಿಂದ 19 ಬಂದರೆ ಕೌನ್ಸೆಲಿಂಗ್ ಮತ್ತು ಫಾಲೋಅಪ್. 20 ಮತ್ತು ಮೇಲೆ ಬಂದರೆ ತಜ್ಞರು ನೋಡಲೇಬೇಕು. ಪೆಗ್ ಲೆಕ್ಕದಲ್ಲಿ ತುಂಬಬೇಡಿ, 10 ಗ್ರಾಂ ಲೆಕ್ಕದಲ್ಲಿ ತುಂಬಿ, ಇಲ್ಲದಿದ್ದರೆ ಎಲ್ಲರೂ ಪಾಸ್.

ಇಲ್ಲಿ ಯಾರೂ ಹೇಳದ ಒಂದು ಮಾತು ಇದೆ, ಅದೇ ಎಲ್ಲಕ್ಕಿಂತ ಮುಖ್ಯ. ರೋಷದಲ್ಲಿ "ಇವತ್ತಿಂದ ಬಂದ್" ಅಂತ ಏಕಾಏಕಿ ನಿಲ್ಲಿಸುವ ಮೊದಲು ಡಾಕ್ಟರಿಗೆ ತಿಳಿಸಿ. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದ ಮೈಗೆ ಇದ್ದಕ್ಕಿದ್ದಂತೆ ಸಿಗದಿದ್ದರೆ ಕೊನೆಯ ಪೆಗ್ ಆದ ಆರೇಳು ಗಂಟೆಯಿಂದಲೇ ನಡುಕ, ಬೆವರು, ವಾಕರಿಕೆ, ಚಡಪಡಿಕೆ ಶುರುವಾಗಬಹುದು. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೇ ದಿನದ ಒಳಗೆ ಇಲ್ಲದ್ದು ಕಾಣುವುದು, ಯಾರೋ ಮಾತಾಡಿದ ಹಾಗೆ ಕೇಳುವುದು, ಎಲ್ಲಿದ್ದೇನೆ ಅಂತ ತಿಳಿಯದಿರುವುದು. ಇದು ದೆವ್ವ ಅಲ್ಲ, ತುರ್ತು ಚಿಕಿತ್ಸೆ ಬೇಕಾದ ಸ್ಥಿತಿ, ಜೀವವೂ ಹೋಗಬಹುದು. 2020ರ ಲಾಕ್‌ಡೌನ್‌ನಲ್ಲಿ ಮಾರ್ಚ್ ಕೊನೆಯಿಂದ ಮೇ 4ರವರೆಗೆ ಅಂಗಡಿ ಮುಚ್ಚಿದ್ದವಲ್ಲ, ಆಗ ಇಂಥವರು ಎಷ್ಟು ಜನ ಬಂದರು ಅಂದರೆ, ಅವರಲ್ಲಿ ಅರ್ಧ ಜನಕ್ಕೆ ತಮಗೆ ಕುಡಿತದ ತೊಂದರೆ ಇದೆ ಅಂತಲೇ ಗೊತ್ತಿರಲಿಲ್ಲ. ದಿನಾ ಸಿಗುತ್ತಿದ್ದರೆ ಹೇಗೆ ಗೊತ್ತಾಗಬೇಕು?

ನಿಮಗೆ ಬೆಳಿಗ್ಗೆ ನಡುಕ ಇಲ್ಲ, ಒಳ್ಳೆಯ ಲಕ್ಷಣ. ಆದರೂ ಹೋದ ಶ್ರಾವಣದ ಮೊದಲ ಮೂರು ರಾತ್ರಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಿ. ಬೆವರು, ನಿದ್ದೆ ಇಲ್ಲದಿರುವುದು, ಎದೆ ಡವಗುಟ್ಟುವುದು ಇದ್ದಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ.

ಹಾಸನ_ಹೈದ

ಸಿಸ್ಟರ್, ನನ್ನ ಲಿವರ್ ಟೆಸ್ಟ್ ಹೋದ ವರ್ಷ ಪೂರ್ತಿ ನಾರ್ಮಲ್. ನಾನೂ ದಿನಾ ತಗೊಳ್ಳುತ್ತೇನೆ. ಅದಕ್ಕೇನಂತೀರಿ?

ವಾರ್ಡ್_ಸಿಸ್ಟರ್

ಸಂತೋಷ. ಆದರೆ ರಕ್ತ ಪರೀಕ್ಷೆ ನಾರ್ಮಲ್ ಇದ್ದು ಸ್ಕ್ಯಾನ್‌ನಲ್ಲಿ ಲಿವರ್ ಕೆಟ್ಟಿರುವವರನ್ನೂ ನೋಡಿದ್ದೇವೆ. ಆ ರಿಪೋರ್ಟ್ ಲಿವರ್‌ಗೆ ಮಾತ್ರ. ನಿದ್ದೆ, ನೆನಪು, ಮನೆಯವರು, ಇವಕ್ಕೆ ಯಾವ ಲ್ಯಾಬ್‌ನಲ್ಲೂ ಟೆಸ್ಟ್ ಇಲ್ಲ. ಬಿಪಿಗೆ ಇದೆ, ಅದನ್ನಾದರೂ ಮಾಡಿಸಿ.

ಮಂಡಕ್ಕಿ_ದಾವಣಗೆರೆ

ಎಲ್ಲರಿಗೂ ಥ್ಯಾಂಕ್ಸ್. ಬಾಟಲಿ ಎಷ್ಟು ದಿನ ಬರುತ್ತದೆ ಅಂತ ಹೆಂಡತಿಯನ್ನು ಕೇಳಿದೆ. ಯೋಚನೆಯೇ ಮಾಡದೆ "ನಾಲ್ಕು" ಅಂದಳು. ಅಂದರೆ ದಿನಕ್ಕೆ ಕ್ವಾರ್ಟರ್ ಮೇಲೆ. ನಾನು ಎರಡು ಪೆಗ್ ಅಂತ ಇಷ್ಟು ದಿನ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೇನೆ. ಹತ್ತು ಪ್ರಶ್ನೆ ತುಂಬಿದೆ, 18 ಬಂತು. ಮನೆಯವರು ಕಮ್ಮಿ ಮಾಡು ಅಂದಿದ್ದಾರಾ ಅನ್ನುವ ಒಂದೇ ಪ್ರಶ್ನೆಗೆ ನಾಲ್ಕು ಅಂಕ. "ಅವರಿಗೂ ಗೊತ್ತಾಯ್ತು ಬಿಡಿ" ಅನ್ನುವುದು ಅದರಲ್ಲಿ ಬರುತ್ತದಾ ಅಂತ ಅವಳನ್ನೇ ಕೇಳಿದೆ, ಬರುತ್ತೆ ಅಂದಳು.

ಈಗ ಪ್ರಶ್ನೆ: ಪೂರ್ತಿ ಬಿಡಲೇಬೇಕಾ, ಕಮ್ಮಿ ಮಾಡಿದರೆ ನಡೆಯುವುದಿಲ್ಲವಾ? ಮತ್ತೆ ರಾತ್ರಿ ಮೂರು ಗಂಟೆಗೆ ನನಗೆ ಎಚ್ಚರ ಆಗುತ್ತದೆ, ಅದೂ ಕುಡಿತದಿಂದಲೇನಾ?

ಹಳೇ_ಗಿರಾಕಿ

ಕಮ್ಮಿ ಮಾಡುವುದು ನನಗೆ ಆಗಲಿಲ್ಲ. ಒಂದು ಅಂದುಕೊಂಡು ಕೂರುವುದಕ್ಕಿಂತ ಒಂದೂ ಇಲ್ಲದೆ ಕೂರುವುದು ಸುಲಭ ಇತ್ತು. ನಮ್ಮೂರ ಹತ್ತಿರ ಧರ್ಮಸ್ಥಳದವರ ಮದ್ಯವರ್ಜನ ಶಿಬಿರ ನಡೆದಾಗ ಹೋದೆ, ಆಮೇಲೆ ಎಎ (ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡುವವರು ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು) ಮೀಟಿಂಗ್. ಶಿಬಿರದಲ್ಲಿ ಕಾಲು ಹಿಡಿಸುವುದು, ಅಳಿಸುವುದು ನನಗೆ ಅಷ್ಟು ಹಿಡಿಸಲಿಲ್ಲ, ಆದರೆ ಒಂದು ವಾರ ಅಂಗಡಿ ಕಣ್ಣಿಗೆ ಬೀಳಲಿಲ್ಲವಲ್ಲ, ಅದು ಕೆಲಸ ಮಾಡಿತು.

ವಾರ್ಡ್_ಸಿಸ್ಟರ್

ನಾನು ಗಿರಾಕಿ ಅಣ್ಣನಷ್ಟು ಕಟ್ಟುನಿಟ್ಟಾಗಿ ಹೇಳುವುದಿಲ್ಲ. ಕಮ್ಮಿ ಮಾಡಿ ಅಲ್ಲೇ ನಿಂತವರನ್ನೂ ನೋಡಿದ್ದೇನೆ. ಆಸೆ ಕಮ್ಮಿ ಮಾಡಲು ನಾಲ್ಟ್ರೆಕ್ಸೋನ್ ಥರದ ಮಾತ್ರೆಗಳೂ ಇವೆ, ಅದು ಕೊಡಬಹುದಾ ಅಂತ ಲಿವರ್ ನೋಡಿ ಡಾಕ್ಟರ್ ಹೇಳಬೇಕು. ಆದರೆ ನಿಮ್ಮ ಎಸ್‌ಜಿಒಟಿ, ಜಿಜಿಟಿ ಏರಿರುವುದರಿಂದ ಸದ್ಯಕ್ಕೆ ಕೆಲವು ತಿಂಗಳು ಪೂರ್ತಿ ಬಿಡಿ ಅಂತಲೇ ಅವರು ಹೇಳುವ ಸಾಧ್ಯತೆ ಹೆಚ್ಚು. ಕೊಬ್ಬು ತುಂಬಿದ ಹಂತದಲ್ಲಿದ್ದರೆ ಲಿವರ್ ಸುಧಾರಿಸಿಕೊಳ್ಳುತ್ತದೆ, ಜಿಜಿಟಿ ಕೆಲವು ವಾರದಲ್ಲೇ ಇಳಿಯಲು ಶುರುವಾಗುತ್ತದೆ.

ಮೂರು ಗಂಟೆ ಎಚ್ಚರಕ್ಕೆ ಇದೂ ಒಂದು ದೊಡ್ಡ ಕಾರಣ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ಅದು ಇಳಿಯುತ್ತಿದ್ದಂತೆ ರಾತ್ರಿಯ ಎರಡನೇ ಅರ್ಧ ಚೂರುಚೂರಾಗುತ್ತದೆ. ಬಿಟ್ಟ ಮೊದಲ ದಿನಗಳಲ್ಲಿ ನಿದ್ದೆ ಇನ್ನೂ ಕೆಡುತ್ತದೆ, ಹೆಚ್ಚಿನವರು ವಾಪಸ್ ಕುಡಿಯುವುದು ಆಗಲೇ.

ದಾವಣಗೆರೆಯಲ್ಲಿ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗದಲ್ಲೇ ತೋರಿಸಬಹುದು, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಹೋಗುವ ಮೊದಲು ಮಾತಾಡಬೇಕು ಅನ್ನಿಸಿದರೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಕ್ಕೆ ಅಂತಲೇ ಇರುವ ಸಹಾಯವಾಣಿ 14446. ಮೊದಲು ಆ ಚೆಕಪ್ ಡಾಕ್ಟರ ಹತ್ತಿರ ವಾಪಸ್ ಹೋಗಿ "ಅಪರೂಪಕ್ಕೆ" ಅಲ್ಲ, ದಿನಾ ಕ್ವಾರ್ಟರ್ ಅಂತ ಹೇಳಿ. ಸಕ್ಕರೆಗೋ ಬಿಪಿಗೋ ಮಾತ್ರೆ ನುಂಗುತ್ತಿದ್ದರೆ ಚೀಟಿ ತಗೊಂಡು ಹೋಗಿ. ಹೊಟ್ಟೆ ಸ್ಕ್ಯಾನ್ ಬರೆದರೆ ಖಾಲಿ ಹೊಟ್ಟೆಯಲ್ಲಿ ಮಾಡಿಸಬೇಕಾಗುತ್ತದೆ, ಹಾಗಾಗಿ ಬೆಳಿಗ್ಗೆಯ ಅಪಾಯಿಂಟ್‌ಮೆಂಟ್ ತಗೊಳ್ಳಿ.