ಹನ್ನೆರಡು ರಾತ್ರಿಗೆ ಎಷ್ಟು ಊರು? ಜಪಾನ್ ಪ್ರವಾಸದ ಪ್ರಶ್ನೋತ್ತರ

ಪ್ರಶ್ನೆ (ಮೈಸೂರಿನಿಂದ, ನಿವೃತ್ತ ಅಧ್ಯಾಪಕಿ):

ನಮಸ್ಕಾರ ಸರ್. ಮುಂದಿನ ಮಾರ್ಚ್ ತಿಂಗಳಲ್ಲಿ ನಾನು, ನಮ್ಮ ಯಜಮಾನರು, ಮಗಳು ಮೂವರೂ ಜಪಾನಿಗೆ ಹೊರಟಿದ್ದೇವೆ. ದೇವಸ್ಥಾನಗಳು, ಹಳೆಯ ಬೀದಿಗಳು, ನಾಟಕ, ಕೈಕಸುಬು ಇವೇ ನಮಗೆ ಬೇಕಾದದ್ದು. ದೊಡ್ಡ ಅಂಗಡಿಗಳು, ಆಟದ ಉದ್ಯಾನಗಳು ಬೇಡ. ಮಗಳು ಹಾಕಿರುವ ಪಟ್ಟಿ ಹೀಗಿದೆ: ಟೋಕಿಯೊ 2 ರಾತ್ರಿ, ನಿಕ್ಕೊ 1, ಹಾಕೊನೆ 1, ತಾಕಾಯಾಮಾ 1, ಕಾನಾಜಾವಾ 1, ಕ್ಯೋಟೊ 2, ಒಸಾಕಾ 1, ಹಿರೋಷಿಮಾ 1, ಮತ್ತೆ ಟೋಕಿಯೊ 2. ನನಗೆ ಮಂಡಿನೋವಿದೆ. ಮೂವರೂ ಸಸ್ಯಾಹಾರಿಗಳು. ಪಟ್ಟಿ ಸರಿಯಿದೆಯೇ ನೋಡಿ ಹೇಳಿ.

ಉತ್ತರ (ಪ್ರವಾಸ ಯೋಜಕ):

ನಮಸ್ಕಾರ ಮೇಡಂ. ಮಗಳು ಆರಿಸಿದ ಊರುಗಳಲ್ಲಿ ಒಂದೂ ಕೆಟ್ಟದ್ದಲ್ಲ. ಆದರೆ ಹನ್ನೆರಡು ರಾತ್ರಿಯಲ್ಲಿ ಎಂಟು ಸಲ ಹಾಸಿಗೆ ಬದಲಾಗುತ್ತದೆ. ಬೆಳಗ್ಗೆ ಹತ್ತಕ್ಕೆ ಕೋಣೆ ಬಿಟ್ಟು, ರೈಲು ಹಿಡಿದು, ಮಧ್ಯಾಹ್ನ ಮೂರಕ್ಕೆ ಮುಂದಿನ ಊರಿನಲ್ಲಿ ಕೋಣೆಯ ಬೀಗದ ಕೈ ಪಡೆಯುವ ಹೊತ್ತಿಗೆ ಅಲ್ಲಿನ ದೇವಸ್ಥಾನಗಳು ಬಾಗಿಲು ಹಾಕುವ ತಯಾರಿಯಲ್ಲಿರುತ್ತವೆ. ಜಪಾನಿನ ಹೆಚ್ಚಿನ ದೇವಾಲಯಗಳು ಸಂಜೆ ನಾಲ್ಕರಿಂದ ಐದರೊಳಗೆ ಮುಚ್ಚುತ್ತವೆ, ಒಳಗೆ ಬಿಡುವುದನ್ನು ಅದಕ್ಕೂ ಅರ್ಧ ಗಂಟೆ ಮೊದಲೇ ನಿಲ್ಲಿಸುತ್ತಾರೆ. ನಾನು ಮೊದಲ ಬಾರಿ ತಂಡ ಕರೆದುಕೊಂಡು ಹೋದಾಗ ಕ್ಯೋಟೊದ ಸಾಂಜೂಸಾನ್‌ಗೆಂದೊ ದೇವಾಲಯದ ಮುಂದೆ ಚಳಿಗಾಲದ ಒಂದು ಸಂಜೆ ಮೂರೂ ಮುಕ್ಕಾಲಿಗೆ ನಿಂತಿದ್ದೆ. ಹದಿನಾಲ್ಕು ಜನ ನನ್ನ ಹಿಂದೆ. ಟಿಕೆಟ್ ಕಿಟಕಿ ಮುಚ್ಚಿತ್ತು. ಮರುದಿನ ಬೆಳಗ್ಗೆ ನಮ್ಮ ರೈಲು. ಆ ಹದಿನಾಲ್ಕು ಜನರಲ್ಲಿ ಇಬ್ಬರು ಅಜ್ಜಿಯರಿದ್ದರು, ಅವರು ಇನ್ನೊಮ್ಮೆ ಬರುವವರಲ್ಲ. ಅಂದಿನಿಂದ ನಾನು ಹಾಕುವ ಪ್ರತಿ ಯೋಜನೆಯಲ್ಲಿಯೂ ಊರು ಕಡಿಮೆ, ರಾತ್ರಿ ಹೆಚ್ಚು.

ಇನ್ನೊಂದು ಮಾತು. ನೋಡಬೇಕಾದದ್ದು ಯಾವ ಊರಿನಲ್ಲಿದೆ ಎಂಬುದಕ್ಕಿಂತ ಯಾವ ದಿನ, ಯಾವ ಹೊತ್ತಿನಲ್ಲಿ ನಡೆಯುತ್ತದೆ ಎಂಬುದನ್ನು ಮೊದಲು ನೋಡಿ. ನೀವು ಮಾರ್ಚ್ ಹೇಳಿದ್ದು ಒಳ್ಳೆಯದಾಯಿತು. ನಾರಾ ಊರಿನ ತೋದಾಯ್‌ಜಿ ದೇವಾಲಯದಲ್ಲಿ ಮಾರ್ಚ್ 1ರಿಂದ 14ರವರೆಗೆ ಒಂದು ವ್ರತ ನಡೆಯುತ್ತದೆ, ಹೆಸರು ಒಮಿಜುತೊರಿ, ನೀರು ಸೇದುವ ಹಬ್ಬ. 752ರಲ್ಲಿ ಆರಂಭವಾದದ್ದು ಒಂದು ವರ್ಷವೂ ತಪ್ಪಿಲ್ಲ. ಅದನ್ನು ನಡುವೆ ಇಟ್ಟುಕೊಂಡು ಉಳಿದ ದಿನಗಳನ್ನು ಜೋಡಿಸೋಣ:

ಮಾರ್ಚ್ 2, 3, 4 ಟೋಕಿಯೊ. 5, 6 ಕಾನಾಜಾವಾ. 7ರಿಂದ 10 ಕ್ಯೋಟೊ. 11, 12 ನಾರಾ. 13 ಕೋಯಾಸಾನ್ ಬೆಟ್ಟದ ದೇವಾಲಯದಲ್ಲಿ ವಾಸ. 14ರ ಸಂಜೆ ಒಸಾಕಾ ಬಳಿಯ ಕಾನ್ಸಾಯ್ ವಿಮಾನ ನಿಲ್ದಾಣದಿಂದ ವಾಪಸು.

ಬೆಂಗಳೂರಿನಿಂದ ಟೋಕಿಯೊದ ನಾರಿತಾಕ್ಕೆ ನೇರ ವಿಮಾನವಿದೆ. ಬರುವಾಗ ಸಿಂಗಪುರ ಅಥವಾ ಬ್ಯಾಂಕಾಕ್ ಮೂಲಕ ಬನ್ನಿ. ಟೋಕಿಯೊಗೆ ಮರಳಿ ಹೋಗುವ ಒಂದು ದಿನವೂ, ಮೂವರ ರೈಲು ಖರ್ಚೂ ಉಳಿಯುತ್ತದೆ.

ಪ್ರಶ್ನೆ (ಅದೇ ಅಧ್ಯಾಪಕಿ):

ನಾರಾ ಎಂದರೆ ಜಿಂಕೆಗಳು ಮತ್ತು ದೊಡ್ಡ ಬುದ್ಧ, ಅರ್ಧ ದಿನ ಸಾಕು ಎಂದು ಎಲ್ಲರೂ ಹೇಳುತ್ತಾರೆ. ನೀವು ಎರಡು ರಾತ್ರಿ ಕೊಟ್ಟಿದ್ದೀರಿ!

ಉತ್ತರ:

ಅರ್ಧ ದಿನದಲ್ಲಿ ಬಂದು ಹೋಗುವವರು ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರ ನಾರಾವನ್ನು ನೋಡುತ್ತಾರೆ, ಅದು ಜಾತ್ರೆ. ಐದರ ನಂತರ ಬಸ್ಸುಗಳೆಲ್ಲ ಹೊರಟು, ಉದ್ಯಾನದಲ್ಲಿ ಜಿಂಕೆಗಳು ಮಾತ್ರ ಉಳಿಯುತ್ತವೆ. ನಾರಾ ಊರು ಆಗ ತೆರೆದುಕೊಳ್ಳುತ್ತದೆ.

ತೋದಾಯ್‌ಜಿಯ ಬುದ್ಧ ಸುಮಾರು 15 ಮೀಟರ್ ಎತ್ತರದ ಕಂಚಿನ ಮೂರ್ತಿ. 752ರಲ್ಲಿ ಅದಕ್ಕೆ ಕಣ್ಣು ಬರೆದವರು ಬೋಧಿಸೇನ ಎಂಬ ಭಾರತದ ಭಿಕ್ಷು. ನಮ್ಮಲ್ಲಿ ವಿಗ್ರಹಕ್ಕೆ ನೇತ್ರೋನ್ಮೀಲನ ಮಾಡುವುದಿಲ್ಲವೇ, ಅದೇ. ಅವರು ಹಿಡಿದ ಕುಂಚಕ್ಕೆ ಉದ್ದನೆಯ ನೀಲಿ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ಪುಣ್ಯದಲ್ಲಿ ಪಾಲು ಪಡೆದರು. ಆ ಕುಂಚವನ್ನೂ ದಾರವನ್ನೂ ಶೋಸೋಯಿನ್ ಭಂಡಾರದಲ್ಲಿ ಇಂದಿಗೂ ಕಾಪಾಡಿದ್ದಾರೆ. ಬುದ್ಧನ ಈಗಿನ ಮರದ ಮಂಟಪ 1709ರದ್ದು. ಮೊದಲಿನದು ಇದಕ್ಕಿಂತಲೂ ಅಗಲವಾಗಿತ್ತು ಎಂದರೆ ಒಳಗೆ ನಿಂತಾಗ ನಂಬುವುದೇ ಕಷ್ಟ.

ಒಮಿಜುತೊರಿ ನಡೆಯುವುದು ಅಲ್ಲಿಂದ ಸ್ವಲ್ಪ ಮೇಲೆ, ನಿಗಾತ್ಸುದೊ ಎಂಬ ಗುಡ್ಡದ ಮೇಲಿನ ಮಂದಿರದಲ್ಲಿ. ಸಂಜೆ ಏಳರ ಹೊತ್ತಿಗೆ ದೀಪಗಳನ್ನೆಲ್ಲ ಆರಿಸುತ್ತಾರೆ. ಕತ್ತಲಲ್ಲಿ ಕಲ್ಲಿನ ಮೆಟ್ಟಿಲ ಬುಡದಿಂದ ಒಂದು ಬೆಳಕು ನಿಧಾನವಾಗಿ ಮೇಲೇರುತ್ತದೆ: ಉದ್ದನೆಯ ಬಿದಿರಿನ ತುದಿಯಲ್ಲಿ ಉರಿಯುವ ಭಾರಿ ದೊಂದಿ, ಅದರ ಹಿಂದೆ ಒಳಗೆ ಹೋಗುತ್ತಿರುವ ಭಿಕ್ಷು. ದೊಂದಿ ಹೊತ್ತವನು ಮರದ ಜಗಲಿಯ ಮೂಲೆಗೆ ಬಂದು, ಅದನ್ನು ಕಟಕಟೆಯಿಂದ ಹೊರಕ್ಕೆ ಚಾಚಿ ಗರಗರನೆ ತಿರುಗಿಸಿ, ಇನ್ನೊಂದು ಮೂಲೆಗೆ ಓಡುತ್ತಾನೆ. ಕೆಳಗೆ ನಿಂತವರ ಮೇಲೆ ಕಿಡಿಗಳ ಮಳೆ. ಆ ಕಿಡಿ ತಾಗಿದರೆ ವರ್ಷವಿಡೀ ಆರೋಗ್ಯ ಎಂದು ಅಲ್ಲಿಯವರ ನಂಬಿಕೆ. ಸುಟ್ಟ ದೇವದಾರು ಚಿಗುರಿನ ವಾಸನೆ ಉಣ್ಣೆಯ ಬಟ್ಟೆಯಲ್ಲಿ ಎರಡು ದಿನ ಉಳಿಯುತ್ತದೆ. ನನ್ನ ಹೆಂಡತಿ ಊರಿಗೆ ಬಂದ ಮೇಲೂ ಆ ಶಾಲನ್ನು ಒಗೆಯಲು ಬಿಟ್ಟಿರಲಿಲ್ಲ.

12ರ ರಾತ್ರಿ ದೊಂದಿಗಳು ಇನ್ನೂ ದೊಡ್ಡವು, ಆದರೆ ಜನವೂ ವಿಪರೀತ. ನಿಮ್ಮ ಮಂಡಿಗೆ ಆ ನೂಕುನುಗ್ಗಲು ಬೇಡ. 11ರಂದೇ ನೋಡಿಬಿಡಿ. ಐದೂವರೆಗೆ ಹೋಗಿ ನಿಲ್ಲಬೇಕು, ಕೂರಲು ಜಾಗವಿರುವುದಿಲ್ಲ, ಮಡಿಸುವ ಪುಟ್ಟ ಮುಕ್ಕಾಲಿ ಒಯ್ಯಿರಿ. ನೆಲ ತಣ್ಣಗಿರುತ್ತದೆ, ದಪ್ಪ ಕಾಲುಚೀಲ ಮರೆಯಬೇಡಿ.

ಪ್ರಶ್ನೆ (ದಾವಣಗೆರೆಯಿಂದ):

ಒಮ್ಮೆ ಹಣ ಕೊಟ್ಟು ಇಂತಿಷ್ಟು ದಿನ ಬೇಕಾದಷ್ಟು ರೈಲು ಹತ್ತುವ ಜಪಾನ್ ರೈಲ್ ಪಾಸ್ ತೆಗೆದುಕೊಂಡರೆ ಅಗ್ಗವಲ್ಲವೇ? ಎಲ್ಲರೂ ಅದನ್ನೇ ಹೇಳುತ್ತಾರೆ.

ಉತ್ತರ:

2023ರ ಅಕ್ಟೋಬರ್‌ವರೆಗೆ ಅದು ಸರಿಯಾದ ಮಾತು. ಆ ತಿಂಗಳು ಏಳು ದಿನದ ಸಾಮಾನ್ಯ ಪಾಸ್‌ನ ಬೆಲೆ 29,650 ಯೆನ್‌ನಿಂದ 50,000ಕ್ಕೆ ಏರಿತು. ಮೇಲಿನ ಯೋಜನೆಯಲ್ಲಿ ದೊಡ್ಡ ಪ್ರಯಾಣ ಎರಡೇ: ಟೋಕಿಯೊದಿಂದ ಕಾನಾಜಾವಾ, ಅಲ್ಲಿಂದ ಕ್ಯೋಟೊ. ಉಳಿದವೆಲ್ಲ ಸಣ್ಣ ಟಿಕೆಟ್. ಎಲ್ಲ ಸೇರಿ ಒಬ್ಬರಿಗೆ ಸುಮಾರು 30 ಸಾವಿರ ಯೆನ್‌ನೊಳಗೆ ಮುಗಿಯುತ್ತದೆ. ಬಿಡಿ ಟಿಕೆಟ್ಟೇ ಲಾಭ.

ಕಾನಾಜಾವಾದಿಂದ ಕ್ಯೋಟೊಗೆ ಮೊದಲು ನೇರ ರೈಲಿತ್ತು. 2024ರ ಮಾರ್ಚ್ 16ರಂದು ಶಿನ್‌ಕಾನ್‌ಸೆನ್ ಎಂಬ ಅತಿವೇಗದ ರೈಲಿನ ಮಾರ್ಗ ತ್ಸುರುಗಾ ಊರಿನವರೆಗೆ ಬಂದ ಮೇಲೆ ಅಲ್ಲಿ ಇಳಿದು ರೈಲು ಬದಲಿಸಬೇಕು. ಒಂದೇ ಕಟ್ಟಡದಲ್ಲಿ ಮೇಲಿನಿಂದ ಕೆಳಗೆ ಇಳಿಯುವುದಷ್ಟೇ, ಲಿಫ್ಟ್ ಇದೆ, ಆದರೆ ಸಮಯ ಕಡಿಮೆ. ಹಾಗಾಗಿ ಅಧ್ಯಾಪಕಿಯವರೇ, ದೊಡ್ಡ ಪೆಟ್ಟಿಗೆಗಳನ್ನು ಜೊತೆಗೆ ಹೊರಬೇಡಿ. ‘ತಕ್ಕ್ಯೂಬಿನ್’ ಎಂಬ ಸಾಮಾನು ಸಾಗಣೆ ಸೇವೆ ಅಲ್ಲಿ ಹೆಚ್ಚಿನ ಹೋಟೆಲುಗಳಲ್ಲಿ ಸಿಗುತ್ತದೆ. ಟೋಕಿಯೊದಿಂದ ಪೆಟ್ಟಿಗೆಗಳನ್ನು ಸೀದಾ ಕ್ಯೋಟೊ ಹೋಟೆಲಿಗೆ ಕಳುಹಿಸಿ, ಎರಡು ದಿನದ ಬಟ್ಟೆ ಬೆನ್ನುಚೀಲದಲ್ಲಿರಲಿ. ಕ್ಯೋಟೊದಿಂದ ಹೊರಡುವಾಗ ವಿಮಾನ ನಿಲ್ದಾಣಕ್ಕೆ ಕಳುಹಿಸಿ, ಹೊರಡುವ ದಿನ ಅಲ್ಲಿ ಪಡೆಯಿರಿ. ರಸೀದಿ ಜೋಪಾನ.

ಪ್ರಶ್ನೆ (ಶಿರಸಿಯಿಂದ, ಯಕ್ಷಗಾನ ಹವ್ಯಾಸಿ):

ನಾನೂ ಹೋಗುವವನಿದ್ದೇನೆ. ಕಬುಕಿ ಎಂಬ ಜಪಾನಿ ನಾಟಕ ನೋಡಬೇಕೆಂಬುದು ಬಹುದಿನದ ಆಸೆ. ಭಾಷೆ ಬಾರದೆ ನಾಲ್ಕು ಗಂಟೆ ಕೂರಬಹುದೇ?

ಉತ್ತರ:

ನಾಲ್ಕು ಗಂಟೆ ಕೂರಬೇಕಿಲ್ಲ. ಟೋಕಿಯೊದ ಗಿಂಜಾ ಪ್ರದೇಶದ ಕಬುಕಿ-ಜಾ ರಂಗಮಂದಿರದಲ್ಲಿ ಒಂದೇ ಅಂಕಕ್ಕೆ ಟಿಕೆಟ್ ಕೊಡುತ್ತಾರೆ, ‘ಹಿತೊಮಾಕು-ಮಿ’ ಎನ್ನುತ್ತಾರೆ. ಆಸನ ನಾಲ್ಕನೇ ಮಹಡಿಯಲ್ಲಿ. ಪ್ರದರ್ಶನಗಳು ಸಾಮಾನ್ಯವಾಗಿ ತಿಂಗಳ ಮೊದಲ ವಾರದಲ್ಲಿ ಆರಂಭವಾಗುತ್ತವೆ, ದಿನಾಂಕ ನೋಡಿಯೇ ಟೋಕಿಯೊದ ದಿನಗಳನ್ನು ಗಟ್ಟಿ ಮಾಡಿ.

ಯಕ್ಷಗಾನ ಬಲ್ಲವರಿಗೆ ಭಾಷೆ ಅಡ್ಡಿಯಾಗದು. ಪ್ರೇಕ್ಷಕರ ನಡುವಿನ ‘ಹಾನಾಮಿಚಿ’ ಎಂಬ ಓಣಿಯಲ್ಲಿ ಪಾತ್ರ ಪ್ರವೇಶಿಸುವಾಗ, ಭಾವದ ತುತ್ತತುದಿಯಲ್ಲಿ ಕಣ್ಣು ಹೊರಳಿಸಿ ಸ್ತಬ್ಧವಾಗುವ ‘ಮಿಯೆ’ ಭಂಗಿಯಲ್ಲಿ, ನಿಮಗೆ ಬಡಗುತಿಟ್ಟಿನ ಪ್ರವೇಶ ನೆನಪಾಗದಿದ್ದರೆ ಕೇಳಿ. ‘ನಾರುಕಾಮಿ’ ಎಂಬ ನಾಟಕ ಆಡುತ್ತಿದ್ದರೆ ಬಿಡಲೇಬೇಡಿ. ಮುನಿಯೊಬ್ಬ ಮಳೆ ತರುವ ನಾಗದೇವತೆಯನ್ನು ಬಂಧಿಸಿಟ್ಟು ನಾಡಿಗೆ ಬರಗಾಲ ಬರುತ್ತದೆ. ಹೆಣ್ಣೊಬ್ಬಳು ಬಂದು ಅವನ ತಪಸ್ಸು ಕೆಡಿಸಿ, ಕಟ್ಟಿದ ಹಗ್ಗ ಕತ್ತರಿಸಿದಾಗ ಮಳೆ ಸುರಿಯುತ್ತದೆ. ಕಥೆ ಎಲ್ಲಿಯದೆಂದು ಹೊಳೆಯಿತೇ? ನಮ್ಮ ಋಷ್ಯಶೃಂಗನದು. ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಅಲ್ಲಿಗೆ ಹೋಗಿ, ಮೊದಲು ‘ನೋ’ ಎಂಬ ಹಳೆಯ ಮುಖವಾಡದ ನಾಟಕದಲ್ಲಿ ಒಂಟಿಕೊಂಬಿನ ಮುನಿಯಾಯಿತು, ಮುಂದೆ ಕಬುಕಿಗೆ ಬಂತು. ಕಿಗ್ಗದ ಋಷ್ಯಶೃಂಗ ದೇವಸ್ಥಾನದಲ್ಲಿ ಮಳೆಗಾಗಿ ಪೂಜೆ ಸಲ್ಲಿಸುವ ನಾಡಿನವರು ಟೋಕಿಯೊದಲ್ಲಿ ಕುಳಿತು ಆ ಕಥೆ ನೋಡುವ ಸುಖವೇ ಬೇರೆ.

ಪ್ರಶ್ನೆ (ಬೆಂಗಳೂರಿನಿಂದ):

ಊಟದ ಗತಿ ಏನು ಸರ್? ನಮ್ಮ ಸೊಸೆ ಅನ್ನ, ತೋಫು ಎಂಬ ಸೋಯಾ ಗಿಣ್ಣು ಎಲ್ಲೆಡೆ ಸಿಗುತ್ತದೆ, ಚಿಂತೆ ಬೇಡ ಎನ್ನುತ್ತಾಳೆ.

ಉತ್ತರ:

ಸಿಗುತ್ತದೆ, ಆದರೆ ಕಾಣದ ಮೀನು ಇರುತ್ತದೆ. ಅಲ್ಲಿನ ಸಾರುಗಳ ಮೂಲ ‘ದಾಶಿ’ ಎಂಬ ತಿಳಿ. ಸಾಮಾನ್ಯವಾಗಿ ಅದನ್ನು ‘ಕಾತ್ಸುವೊಬುಶಿ’, ಅಂದರೆ ಒಣಗಿಸಿ ತುರಿದ ಮೀನಿನಿಂದ ತೆಗೆಯುತ್ತಾರೆ. ಮಿಸೊ ಸಾರು, ಸೋಬಾ ಶಾವಿಗೆಯ ತಿಳಿ, ಇನಾರಿ ಸುಶಿಯ ಮೇಲಿನ ಸಿಹಿ ತೋಫು ಹೊದಿಕೆ, ಎಲ್ಲಕ್ಕೂ ಅದೇ. ‘ಮಾಂಸ ಇದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳುತ್ತಾರೆ, ಏಕೆಂದರೆ ಅವರ ಲೆಕ್ಕದಲ್ಲಿ ತಿಳಿಯ ಮೀನು ಮಾಂಸವಲ್ಲ. ಹೀಗೆ ಹೇಳಿ: ‘ನಿಕು ಮೊ, ಸಾಕಾನಾ ಮೊ, ಕಾತ್ಸುವೊ-ದಾಶಿ ಮೊ ತಾಬೆಮಾಸೆನ್.’ ಮಾಂಸ, ಮೀನು, ಮೀನಿನ ತಿಳಿ ಯಾವುದನ್ನೂ ತಿನ್ನುವುದಿಲ್ಲ ಎಂದು ಅರ್ಥ. ಇದನ್ನೇ ಜಪಾನಿ ಲಿಪಿಯಲ್ಲಿ ಬರೆಸಿ ಜೇಬಿನಲ್ಲಿಡಿ.

ನಿಶ್ಚಿಂತೆಯ ಊಟ ಬೇಕೆಂದರೆ ‘ಶೋಜಿನ್ ರ್ಯೋರಿ’, ಬೌದ್ಧ ಮಠದ ಅಡುಗೆ. ಮಾಂಸ, ಮೀನು ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ತಿಳಿಯನ್ನು ಕೊಂಬು ಎಂಬ ಕಡಲಪಾಚಿಯಿಂದ ತೆಗೆಯುತ್ತಾರೆ. ಕೋಯಾಸಾನ್ ವಾಸದಲ್ಲಿ ರಾತ್ರಿ, ಬೆಳಗ್ಗೆ ಎರಡು ಹೊತ್ತೂ ಇದೇ. ಎಳ್ಳಿನ ಹಾಲನ್ನು ಕುಡ್ಜು ಗಡ್ಡೆಯ ಹಿಟ್ಟಿನೊಡನೆ ಕೈಬಿಡದೆ ತೊಳಸಿ ಮಾಡುವ ಗೋಮಾ-ದೋಫು ಬಾಯಲ್ಲಿಟ್ಟರೆ ನಮ್ಮ ಹಾಲುಬಾಯಿಯ ಅಕ್ಕನ ಹಾಗೆ, ಸಿಹಿಯೊಂದು ಇಲ್ಲ.

ಪ್ರಶ್ನೆ (ಅಧ್ಯಾಪಕಿಯ ಮಗಳು):

ಪಟ್ಟಿ ಹಾಕಿದವಳು ನಾನೇ ಸರ್. ಉಳಿದದ್ದನ್ನೆಲ್ಲ ಬಿಡಲು ಒಪ್ಪಿದೆ, ಹಿರೋಷಿಮಾ ಮಾತ್ರ ಬಿಡಲು ಮನಸ್ಸಿಲ್ಲ. ಕ್ಯೋಟೊದಿಂದ ಒಂದು ದಿನದಲ್ಲಿ ಹೋಗಿಬರಬಹುದಲ್ಲ?

ಉತ್ತರ:

ಹೋಗಿಬರಬಹುದಮ್ಮ, ಶಿನ್‌ಕಾನ್‌ಸೆನ್‌ನಲ್ಲಿ ಎರಡು ಗಂಟೆಯೂ ಬೇಡ. ಆದರೆ ಬೆಳಗ್ಗೆ ಶಾಂತಿ ಸಂಗ್ರಹಾಲಯ, ಮಧ್ಯಾಹ್ನ ಮಿಯಾಜಿಮಾ ದ್ವೀಪದಲ್ಲಿ ಭಾವಚಿತ್ರ ಎಂದು ಜೋಡಿಸಬೇಡಿ. 1945ರ ಆಗಸ್ಟ್ 6ರ ಬೆಳಗ್ಗೆ 8.15ಕ್ಕೆ ನಿಂತ ಕೈಗಡಿಯಾರವನ್ನೂ, ಮಗುವೊಂದರ ಸುಟ್ಟ ಮೂರುಗಾಲಿ ಸೈಕಲನ್ನೂ ನೋಡಿ ಹೊರಬಂದವರಿಗೆ ನದಿಯ ದಂಡೆಯಲ್ಲಿ ಸುಮ್ಮನೆ ಕೂರಲು ಹೊತ್ತು ಬೇಕು. ನಿನಗೆ ಅದು ಅಷ್ಟು ಮುಖ್ಯವಾಗಿದ್ದರೆ ಕಾನಾಜಾವಾ ಕೈಬಿಟ್ಟು ಅಲ್ಲಿಯೇ ಎರಡು ರಾತ್ರಿ ಉಳಿಯಿರಿ. ಆಗ ಟೋಕಿಯೊದಿಂದ ಸೀದಾ ಹಿರೋಷಿಮಾ, ಹಿಂದಿರುಗುವಾಗ ಕ್ಯೋಟೊ. ಕಾನಾಜಾವಾ ಬಿಡುವುದು ನನಗೆ ಹೊಟ್ಟೆಯುರಿಯುವ ವಿಷಯ: ಮಾರ್ಚ್ ಮೊದಲ ವಾರದಲ್ಲಿ ಕೆನ್ರೊಕುಯೆನ್ ತೋಟದ ಪೈನ್ ಮರಗಳಿಗೆ ಹಿಮದ ಭಾರ ತಡೆಯಲು ಕಟ್ಟಿದ ಹಗ್ಗಗಳ ಗೋಪುರ ಇನ್ನೂ ಇರುತ್ತದೆ, ಪಕ್ಕದಲ್ಲೇ ಪ್ಲಮ್ ಹೂವು ಬಿಟ್ಟಿರುತ್ತದೆ. ಎರಡನ್ನೂ ಒಟ್ಟಿಗೆ ನೋಡಲು ಸಿಗುವ ದಿನಗಳು ಕಡಿಮೆ. ಆದರೂ ಆಯ್ಕೆ ನಿನ್ನದು. ಎರಡನ್ನೂ ತುರುಕುವುದು ಮಾತ್ರ ಬೇಡ.

ಪ್ರಶ್ನೆ (ಅಧ್ಯಾಪಕಿ):

ಮಗಳು ರಾತ್ರಿಯೆಲ್ಲ ಯೋಚಿಸಿ ಹಿರೋಷಿಮಾವನ್ನೇ ಆರಿಸಿದಳು. ನಮಗೂ ಒಪ್ಪಿಗೆ. ಕ್ಯೋಟೊದ ನಾಲ್ಕು ರಾತ್ರಿಗಳಲ್ಲಿ ನನ್ನ ಮಂಡಿಗೆ ತಡೆಯುವಂಥದ್ದು ಯಾವುದು? ಇನ್ನು, ಮಠದಲ್ಲಿ ನೆಲದ ಮೇಲೆ ಕೂರಬೇಕೇ?

ಉತ್ತರ:

ಒಳ್ಳೆಯ ನಿರ್ಧಾರ ಮೇಡಂ.

ಕ್ಯೋಟೊದಲ್ಲಿ ಮೊದಲು ಸಾಂಜೂಸಾನ್‌ಗೆಂದೊ. ಮೆಟ್ಟಿಲ ಕಾಟ ಕಡಿಮೆ, 1266ರಲ್ಲಿ ಮತ್ತೆ ಕಟ್ಟಿದ ಸುಮಾರು 120 ಮೀಟರ್ ಉದ್ದದ ಮಂಟಪ. ಸಾವಿರದ ಒಂದು ಕಾನ್ನೊನ್ ಮೂರ್ತಿಗಳು ಸಾಲಾಗಿ ನಿಂತಿವೆ, ಅಂದರೆ ನಮ್ಮ ಅವಲೋಕಿತೇಶ್ವರ. ಎಲ್ಲರೂ ಅವುಗಳನ್ನೇ ನೋಡುತ್ತಾ ಹೋಗುತ್ತಾರೆ. ನೀವು ಮುಂದಿನ ಸಾಲಿನ 28 ಪರಿವಾರ ದೇವತೆಗಳ ಮುಂದೆ ನಿಲ್ಲಿ. ಕೊಕ್ಕಿನ ಬಾಯಿಗೆ ಕೊಳಲು ಹಿಡಿದು ಒಂದು ಕಾಲು ತುಸು ಎತ್ತಿರುವ ‘ಕಾರುರಾ’ ನಮ್ಮ ಗರುಡ. ‘ಬೊಂತೆನ್’ ಬ್ರಹ್ಮ, ‘ತಾಯ್‌ಶಾಕುತೆನ್’ ಇಂದ್ರ. ಒಳಗೆ ಛಾಯಾಚಿತ್ರ ತೆಗೆಯುವಂತಿಲ್ಲ, ಹಾಗಾಗಿ ಕಣ್ತುಂಬ ನೋಡಿ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಹೋಗಿ. ಫುಶಿಮಿ ಇನಾರಿ ದೇಗುಲ ಹಗಲು ರಾತ್ರಿ ತೆರೆದೇ ಇರುತ್ತದೆ. ಕೆಂಪು ತೋರಿ ಕಮಾನುಗಳ ಆರಂಭದ ಸಾಲನ್ನು ಬೆಳಗ್ಗೆ ಆರೂವರೆಗೆ ನೋಡಿ ಹಿಂದಿರುಗಿ, ಬೆಟ್ಟ ಹತ್ತಬೇಡಿ. ಕಿಯೊಮಿಜು ದೇವಾಲಯಕ್ಕೆ ಏರು ದಾರಿ, ಟ್ಯಾಕ್ಸಿಯಲ್ಲಿ ಆದಷ್ಟು ಮೇಲಕ್ಕೆ ಹೋಗಿ ಇಳಿಯಿರಿ.

ಕೋಯಾಸಾನ್ ಬೆಟ್ಟವನ್ನು ಕೂಕಾಯ್ ಎಂಬ ಗುರು 816ರಲ್ಲಿ ಪಡೆದು ಮಠ ಕಟ್ಟಿದರು. ಚೀನಾದಲ್ಲಿ ಅವರಿಗೆ ಸಂಸ್ಕೃತ ಕಲಿಸಿದವರಲ್ಲಿ ಪ್ರಜ್ಞ ಎಂಬ ಭಾರತೀಯ ಭಿಕ್ಷು ಇದ್ದರು. ಬೆಳಗಿನ ಪೂಜೆ ಆರು ಗಂಟೆಯ ಆಸುಪಾಸು, ಕೆಲವು ಮಠಗಳಲ್ಲಿ ‘ಗೋಮಾ’ವೂ ಇರುತ್ತದೆ. ಹೆಸರೇ ಹೇಳುವಂತೆ ಅದು ಹೋಮ. ಪೂಜೆಯಲ್ಲಿ ಕುಳ್ಳನೆಯ ಕುರ್ಚಿ ಕೊಡುವ ಮಠಗಳಿವೆ, ಮಂಚವಿರುವ ಕೋಣೆಗಳೂ ಕೆಲವೆಡೆ ಇವೆ. ಕಾಯ್ದಿರಿಸುವಾಗಲೇ ‘ನೆಲದ ಮೇಲೆ ಕೂರಲಾಗದು’ ಎಂದು ಬರೆಯಿರಿ. ಸಂಜೆ ಐದರೊಳಗೆ ತಲುಪಬೇಕು, ಊಟ ಐದೂವರೆ, ಆರಕ್ಕೆಲ್ಲ ಬಡಿಸಿಬಿಡುತ್ತಾರೆ. ನಾರಾದಿಂದ ಬೆಳಗ್ಗೆಯೇ ಹೊರಡಿ: ಒಸಾಕಾದ ನಾಂಬಾ, ಅಲ್ಲಿಂದ ಗೊಕುರಾಕುಬಾಶಿ, ಕೇಬಲ್ ಕಾರ್, ಬಸ್ಸು. ಬೆಟ್ಟದ ಎತ್ತರ ಸುಮಾರು 800 ಮೀಟರ್, ಮಾರ್ಚ್‌ನಲ್ಲಿಯೂ ಹಿಮ ಬೀಳಬಹುದು.

ವೀಸಾ ಅರ್ಜಿಯ ಜೊತೆ ದಿನವಾರು ಕಾರ್ಯಕ್ರಮವನ್ನೂ ತಂಗುವ ವಿಳಾಸವನ್ನೂ ಕೊಡಬೇಕು, ಆದ್ದರಿಂದ ಕೋಣೆಗಳು ಮೊದಲು. ಅವುಗಳಲ್ಲಿಯೂ ನಾರಾದ 11, 12ನೇ ತಾರೀಖನ್ನು ಈ ವಾರವೇ ಹಿಡಿಯಿರಿ. ಒಮಿಜುತೊರಿಗೆ ಜಪಾನಿಯರೇ ತಿಂಗಳುಗಟ್ಟಲೆ ಮುಂಚೆ ಕೋಣೆ ಹಿಡಿದಿರುತ್ತಾರೆ.