ಮೂಲ ನಕ್ಷೆ ತಯಾರಿ: ಒಂದೇ ರಸ್ತೆಗೆ ಮೂರು ಗೆರೆ, ಯಾವುದನ್ನು ಹಿಡಿಯಬೇಕು?

ಪ್ರಶ್ನೆ: ಕಿರಿಯ ಎಂಜಿನಿಯರ್, ಕೋಲಾರ

ಮಾಲೂರು ತಾಲ್ಲೂಕಿನಿಂದ ಕೋಲಾರದ ಕಡೆಗೆ ಸಾಗುವ 18 ಕಿ.ಮೀ. ರಸ್ತೆಯ ಅಗಲೀಕರಣಕ್ಕೆ ಮೂಲ ನಕ್ಷೆ ತಯಾರಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಗ್ರಾಮ ನಕ್ಷೆಯನ್ನು ಉಪಗ್ರಹ ಚಿತ್ರದ ಮೇಲೆ ಕೂರಿಸಿದರೆ ಸರ್ವೆ ನಂಬರಿನ ಗೆರೆಗಳು ಹೊಲದ ಬದುಗಳಿಂದ ಕೆಲವೆಡೆ ಹತ್ತು ಮೀಟರ್ ಆಚೆ ಬೀಳುತ್ತವೆ. ಎರಡು ತುದಿಗಳಲ್ಲಿ ಉಪಗ್ರಹ ಸಂಕೇತದಿಂದ ಸ್ಥಾನ ತಿಳಿಸುವ ಡಿಜಿಪಿಎಸ್‌ನಿಂದ ಹಿಡಿದ ಬಿಂದುಗಳ ನಡುವಿನ ದೂರಕ್ಕೂ ಟೋಟಲ್ ಸ್ಟೇಷನ್ (ಕೋನ, ದೂರ ಅಳೆಯುವ ಉಪಕರಣ) ಹಿಡಿದು ಬಿಂದುವಿನಿಂದ ಬಿಂದುವಿಗೆ ಅಳೆದ ಟ್ರಾವರ್ಸಿನ ಲೆಕ್ಕಕ್ಕೂ ಸುಮಾರು 14 ಮೀಟರ್ ವ್ಯತ್ಯಾಸ ಬರುತ್ತಿದೆ. ಡಿಜಿಪಿಎಸ್ ಎತ್ತರಗಳಂತೂ ಟೋಪೋಶೀಟಿನಲ್ಲಿ (ಸರ್ವೆ ಆಫ್ ಇಂಡಿಯಾದ ಭೂಲಕ್ಷಣ ನಕ್ಷೆ) ಇರುವುದಕ್ಕಿಂತ ಎಂಬತ್ತಕ್ಕೂ ಹೆಚ್ಚು ಮೀಟರ್ ಕೆಳಗಿವೆ. "ಎಲ್ಲವೂ ಒಂದರ ಮೇಲೊಂದು ಕೂರಬೇಕು, ತಿಂಗಳ ಕೊನೆಗೆ ಹಾಳೆಗಳು ಬೇಕು" ಎನ್ನುತ್ತಾರೆ ನಮ್ಮ ಮೇಲಧಿಕಾರಿ. ಯಾವುದನ್ನು ಹಿಡಿದು ಯಾವುದನ್ನು ಸರಿಸಲಿ? ಇಂಥ ಕೆಲಸ ಮಾಡಿದವರು ದಯವಿಟ್ಟು ಅನುಭವ ಹೇಳಿ.

ಜಿಐಎಸ್ ತಂತ್ರಜ್ಞ, ಬೆಂಗಳೂರು

14 ಮೀಟರಿನ ವಿಷಯ ಮೊದಲು. ಸರ್ವೆಯರ್ ಮೇಲೆ ಹರಿಹಾಯಬೇಡಿ, ಉಪಕರಣವನ್ನು ದುರಸ್ತಿಗೂ ಕಳುಹಿಸಬೇಡಿ. ಅದು ತಪ್ಪೇ ಅಲ್ಲದಿರುವ ಸಾಧ್ಯತೆ ಹೆಚ್ಚು.

ದುಂಡಗಿನ ಭೂಮಿಯನ್ನು ಆರಾರು ಡಿಗ್ರಿ ರೇಖಾಂಶದ ವಲಯಗಳಾಗಿ ಹೋಳು ಮಾಡಿ ಚಪ್ಪಟೆ ನಕ್ಷೆಗೆ ತರುವ ಪದ್ಧತಿ ಯುಟಿಎಂ. ಕರ್ನಾಟಕದ ಬಹುಭಾಗ ಅದರ 43ನೇ ವಲಯದಲ್ಲಿದೆ. 78 ಡಿಗ್ರಿ ಪೂರ್ವ ರೇಖಾಂಶ ದಾಟಿದೊಡನೆ 44 ಶುರುವಾಗುತ್ತದೆ. ಮಾಲೂರು ಪಟ್ಟಣ ಆ ರೇಖೆಗೆ ಪಶ್ಚಿಮದಲ್ಲಿದೆ, ಕೋಲಾರ ಪೂರ್ವದಲ್ಲಿದೆ. ಅಂದರೆ ನಿಮ್ಮ ರಸ್ತೆ ವಲಯದ ಅಂಚಿನಲ್ಲೇ ಇದೆ. ಯುಟಿಎಂನಲ್ಲಿ ವಲಯದ ನಡುಗೆರೆಯ ಮೇಲೆ ನೆಲದ ಒಂದು ಕಿಲೋಮೀಟರು ನಕ್ಷೆಯಲ್ಲಿ 40 ಸೆಂ.ಮೀ. ಕಡಿಮೆಯಾಗಿ ಕಾಣುತ್ತದೆ. ಅಂಚಿಗೆ ಸರಿದಂತೆ ಅದು ಹಿಗ್ಗುತ್ತಾ ಹೋಗಿ ನಿಮ್ಮ ಭಾಗದಲ್ಲಿ ಸುಮಾರು 90 ಸೆಂ.ಮೀ. ಹೆಚ್ಚಾಗುತ್ತದೆ. ನೆಲವು ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಮೇಲಿರುವ ಕಾರಣ ಅದರಲ್ಲಿ ಹನ್ನೆರಡು ಸೆಂ.ಮೀ.ನಷ್ಟು ಕಳೆಯುತ್ತದೆ. ಉಳಿಯುವುದು ಕಿಲೋಮೀಟರಿಗೆ ಮುಕ್ಕಾಲು ಮೀಟರಿಗಿಂತ ತುಸು ಹೆಚ್ಚು. ನಿಮ್ಮ ಡಿಜಿಪಿಎಸ್ ದೂರ ಯುಟಿಎಂ ನಕ್ಷೆಯದು, ಟೋಟಲ್ ಸ್ಟೇಷನ್ನಿನದು ನೆಲದ್ದು; ಆ ಅಂತರವನ್ನು 18ರಿಂದ ಗುಣಿಸಿ ನೋಡಿ, ನಿಮ್ಮ 14 ಮೀಟರ್ ಸಿಗುತ್ತದೆ. ಬೆಂಗಳೂರಿನ ಮಧ್ಯಭಾಗದಲ್ಲಿ ಈ ವ್ಯತ್ಯಾಸ ಕಿಲೋಮೀಟರಿಗೆ ನಲವತ್ತೈದು ಸೆಂ.ಮೀ.ನ ಸುತ್ತಮುತ್ತ ಇರುವುದರಿಂದ ಸಣ್ಣ ಬಡಾವಣೆಯ ಕೆಲಸದಲ್ಲಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಡೀ ಕೆಲಸಕ್ಕೆ ಒಂದೇ ವಲಯ ಇಟ್ಟುಕೊಳ್ಳಿ, ಅರ್ಧ 43 ಅರ್ಧ 44 ಎಂದು ಮಾಡಲೇಬೇಡಿ. ಯೋಜನೆಗೆ ಒಂದೇ ಗುಣಕ ಲೆಕ್ಕಹಾಕಿ ಯುಟಿಎಂ ಅಂಕಿಗಳನ್ನು ನೆಲದ ಅಳತೆಗೆ ತನ್ನಿ. ಗುತ್ತಿಗೆದಾರನು ಅಳೆಯುವುದು ನೆಲವನ್ನೇ ಅಲ್ಲವೇ? ಆದರೆ ಹಾಗೆ ಬದಲಿಸಿದ ಅಂಕಿಗಳ ಮುಂದಿನ ದೊಡ್ಡ ಸ್ಥಾನಗಳನ್ನು ಕಿತ್ತುಹಾಕಿ. ಇಲ್ಲದಿದ್ದರೆ ಅವು ನೋಡಲು ಯುಟಿಎಂನಂತೆಯೇ ಇರುತ್ತವೆ. ಎರಡು ವರ್ಷದ ನಂತರ ಬೇರೆ ಯಾರೋ ಅವನ್ನು ನೇರವಾಗಿ ಉಪಗ್ರಹ ಚಿತ್ರದ ಮೇಲೆ ಹಾಕಿ ನಿಮ್ಮನ್ನು ಬೈಯುತ್ತಾರೆ. ಗುಣಕವನ್ನು ಪ್ರತಿ ಹಾಳೆಯಲ್ಲೂ ಬರೆಯಿರಿ.

ನಿಮ್ಮ ಟೋಪೋಶೀಟ್ ಹಳೆಯದೇ, ಹೊಸದೇ? ಹಳೆಯವು ಎವರೆಸ್ಟ್ ಗೋಳಾಭದ (ಭೂಮಿಯ ಆಕಾರಕ್ಕೆ ಹಿಂದೆ ಬಳಸುತ್ತಿದ್ದ ಗಣಿತದ ಮಾದರಿ) ಮೇಲೆ ಇವೆ, ಈಗಿನ ಮುಕ್ತ ಸರಣಿಯವು ಡಿಜಿಪಿಎಸ್ ಬಳಸುವ ಮಾದರಿಯಾದ ಡಬ್ಲ್ಯುಜಿಎಸ್ 84ರಲ್ಲಿವೆ. ಹಳೆಯದನ್ನು ಹಾಗೆಯೇ ಕೂರಿಸಿದರೆ ನಮ್ಮ ಕಡೆ ನೂರು ಮೀಟರಿಗೂ ಮೀರಿ ಜರುಗುತ್ತದೆ.

ನಿವೃತ್ತ ಭೂಮಾಪಕ, ಹಾಸನ

ಗ್ರಾಮ ನಕ್ಷೆಯ ವಿಷಯದಲ್ಲಿ ನಾನು ಹೇಳುವುದು ನಿಮ್ಮ ಮೇಲಧಿಕಾರಿಗೆ ರುಚಿಸಲಿಕ್ಕಿಲ್ಲ. ಅದು ಚಿತ್ರದ ಮೇಲೆ ಕೂರುವುದಿಲ್ಲ. ಎಳೆದು ಜಗ್ಗಿ ಕೂರಿಸಿದರೆ ಅದು ನಕ್ಷೆಯಾಗಿ ಉಳಿಯುವುದಿಲ್ಲ.

ಹಳೆ ಮೈಸೂರು ಸೀಮೆಯಲ್ಲಿ ಕಂದಾಯ ಅಳತೆ ಆರಂಭವಾದದ್ದು 1863ರಲ್ಲಿ. ಅಳೆದದ್ದು 33 ಅಡಿಯ ಸರಪಳಿಯಿಂದ. ಸರಪಳಿಗೆ 16 ಆಣೆ, ಒಂದು ಸರಪಳಿ ಚದರಕ್ಕೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಒಂದು ಆಣೆ ಎಂದರೆ ಎರಡು ಅಡಿಗಿಂತ ತುಸು ಹೆಚ್ಚು. ಆ ಅಳತೆಗಳು ಟಿಪ್ಪಣಿಯಲ್ಲಿ, ಅಂದರೆ ಪ್ರತಿ ಸರ್ವೆ ನಂಬರಿನ ಮೂಲ ಅಳತೆ ಚಿತ್ರದಲ್ಲಿ, ಇವೆ. ಗ್ರಾಮ ನಕ್ಷೆಯಾದರೋ 1:7920ರದ್ದು, ಅಂದರೆ ನಕ್ಷೆಯ ಒಂದು ಇಂಚು ನೆಲದ 660 ಅಡಿ, 20 ಸರಪಳಿ. ಅದರ ಮೇಲಿನ ಅರ್ಧ ಮಿಲಿಮೀಟರ್ ಶಾಯಿಗೆರೆಯೇ ನೆಲದಲ್ಲಿ ನಾಲ್ಕು ಮೀಟರ್ ಅಗಲ. ಆಮೇಲೆ ಕಾಗದ ಕುಗ್ಗಿದೆ, ಬಟ್ಟೆಗೆ ಅಂಟಿಸಿದ್ದಾರೆ, ನಕಲು ತೆಗೆದಿದ್ದಾರೆ, ನಕಲಿನ ನಕಲನ್ನು ಸ್ಕ್ಯಾನ್ ಮಾಡಿದ್ದಾರೆ. ಇಷ್ಟೆಲ್ಲ ಆದ ಮೇಲೂ ನಿಮಗೆ ಹತ್ತೇ ಮೀಟರ್ ವ್ಯತ್ಯಾಸ ಬಂದಿದ್ದರೆ ಸಂತೋಷಪಡಿ.

ಯಾವ ನಂಬರಿನ ಪಕ್ಕ ಯಾವ ನಂಬರು, ಹಳ್ಳ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಗುತ್ತದೆ, ಬಂಡಿದಾರಿ ಎಲ್ಲಿ ಕವಲೊಡೆಯುತ್ತದೆ, ಇವಕ್ಕೆಲ್ಲ ಗ್ರಾಮ ನಕ್ಷೆ ಬೇಕು. ಅಳತೆಗೆ ಟಿಪ್ಪಣಿಯನ್ನೇ ತೆಗೆಸಿ. ರಸ್ತೆಯ ಎರಡೂ ಬದಿಗೆ ತಾಗುವ ಪ್ರತಿ ಸರ್ವೆ ನಂಬರಿನ ಮೂಲ ಟಿಪ್ಪಣಿ, ಹಿಸ್ಸಾ (ಪಾಲು) ಆಗಿದ್ದರೆ ಹಿಸ್ಸಾ ಟಿಪ್ಪಣಿ, ಜೊತೆಗೆ ವಿಸ್ತೀರ್ಣ, ಕಂದಾಯ ಬರೆದಿರುವ ಆಕಾರಬಂದ್ ಪ್ರತಿ. ಇವಿಲ್ಲದೆ ಗಡಿಯ ಗೆರೆ ಎಳೆಯಲು ಕೂರಬೇಡಿ.

ನಂತರ ಕಲ್ಲು ಹುಡುಕುವ ಕೆಲಸ. ಮೊದಲು ಮೂರು ಗ್ರಾಮಗಳ ಗಡಿ ಕೂಡುವ ಕಲ್ಲುಗಳು, ಆಮೇಲೆ ಗ್ರಾಮದ ಗಡಿಯುದ್ದಕ್ಕೂ ಇರುವವು, ಕೊನೆಗೆ ಸರ್ವೆ ನಂಬರಿನ ಬಾಂದುಕಲ್ಲುಗಳು. ಗ್ರಾಮ ಆಡಳಿತಾಧಿಕಾರಿಯನ್ನು ಕರೆದುಕೊಂಡು ಹೋಗಿ. ಅವರಿಗಿಂತ ಮುಖ್ಯವಾಗಿ ಊರಿನ ಒಬ್ಬ ಹಿರಿಯರನ್ನು ಕರೆಯಿರಿ. ಕಲ್ಲು ಮಣ್ಣಿನಲ್ಲಿ ಹೂತಿರುವುದುಂಟು, ಕಿತ್ತು ತಂದು ಬಟ್ಟೆ ಒಗೆಯಲು ಹಾಕಿಕೊಂಡಿರುವುದೂ ಉಂಟು. ಇದ್ದ ಜಾಗದಲ್ಲೇ ಇದೆ ಎಂದು ಖಾತರಿಯಾದ ಕಲ್ಲುಗಳನ್ನು ಮಾತ್ರ ಡಿಜಿಪಿಎಸ್‌ನಿಂದ ಹಿಡಿದು, ಅವುಗಳ ನಡುವೆ ಟಿಪ್ಪಣಿಯ ಸರಪಳಿ-ಆಣೆ ಲೆಕ್ಕದಲ್ಲಿ ಒಂದೊಂದೇ ನಂಬರನ್ನು ಕಟ್ಟುತ್ತಾ ಬನ್ನಿ. ಕಟ್ಟಿದ ನಂಬರಿನ ವಿಸ್ತೀರ್ಣವನ್ನು ಆಕಾರಬಂದ್‌ಗೆ ಹೋಲಿಸಿ. ತಾಳೆಯಾಗದಿದ್ದರೆ ಗೆರೆಯನ್ನು ಆಚೀಚೆ ನೂಕಿ ತಾಳೆ ಮಾಡುವ ಚಾಳಿ ಬೇಡ. ಎಷ್ಟು ಗುಂಟೆ ವ್ಯತ್ಯಾಸ ಎಂದು ಅಂಚಿನಲ್ಲಿ ಬರೆದಿಡಿ.

ಬದುವನ್ನು ಗಡಿ ಎಂದುಕೊಳ್ಳಬೇಡಿ. ಪ್ರತಿ ವರ್ಷ ಉಳುವಾಗ ಒಂದು ಸಾಲು ತಿಂದರೂ ಐವತ್ತು ವರ್ಷಕ್ಕೆ ಬದು ಎಲ್ಲಿಗೋ ಹೋಗಿರುತ್ತದೆ.

ಇನ್ನೊಂದು. ನೀವು ಅಗಲಿಸಲಿರುವ ರಸ್ತೆ ಗ್ರಾಮ ನಕ್ಷೆಯಲ್ಲಿ ಕಾಣುವ ಜೋಡಿಗೆರೆಯ ಮೇಲೆಯೇ ಇದೆಯೇ ಎಂದು ನೋಡಿ. ಹಳೆಯ ಬಂಡಿದಾರಿ 'ಬ' ಕರಾಬಿನಲ್ಲಿ (ಸಾರ್ವಜನಿಕ ಬಳಕೆಗೆ ಬಿಟ್ಟ, ಕಂದಾಯವಿಲ್ಲದ ನೆಲ) ಒಂದು ಕಡೆ, ಈಗಿನ ಡಾಂಬರು ಯಾರದೋ ಹಿಡುವಳಿಯಲ್ಲಿ ಇನ್ನೊಂದು ಕಡೆ ಇರುವುದು ಅಪರೂಪವಲ್ಲ. ಅಂಥ ಕಡೆ ಈಗಿರುವ ರಸ್ತೆಗೇ ಭೂಸ್ವಾಧೀನ ಆಗಿರುವುದಿಲ್ಲ. ದಿಶಾಂಕ್ ಆ್ಯಪ್ ತೆರೆದು ನಿಂತ ಜಾಗದ ಸರ್ವೆ ನಂಬರು ತಿಳಿದುಕೊಳ್ಳಿ, ಅಷ್ಟಕ್ಕೆ ಅದು ಬಹಳ ಒಳ್ಳೆಯದು. ಅದರ ಪರದೆಯಿಂದ ಗಡಿ ಅಳೆಯಲು ಹೋಗಬೇಡಿ.

ಭೂಸ್ವಾಧೀನ ಕಡತಗಳ ಕೆಲಸದವಳು, ತುಮಕೂರು

ಹಿರಿಯರು ಹೇಳಿದ್ದಕ್ಕೆ ಒಂದೇ ಸೇರ್ಪಡೆ: ದಾಖಲೆಯ ಗಡಿ ಒಂದು ಬಣ್ಣದಲ್ಲಿ, ಸ್ಥಳದಲ್ಲಿ ಅನುಭೋಗದಲ್ಲಿರುವ ಗಡಿ ಇನ್ನೊಂದು ಬಣ್ಣದಲ್ಲಿ ಇರಲಿ. ಎರಡನ್ನೂ ಸೇರಿಸಿ ಒಂದೇ ಗೆರೆ ಮಾಡಿದ ನಕ್ಷೆಯೊಂದಿಗೆ ಜಂಟಿ ಅಳತೆಗೆ ಹೋದರೆ ರೈತರು ಮೊದಲ ಅರ್ಧ ಗಂಟೆಯಲ್ಲೇ ನಕ್ಷೆಯನ್ನು ತಿರಸ್ಕರಿಸುತ್ತಾರೆ, ಅವರ ತಪ್ಪೂ ಅಲ್ಲ. ಪಹಣಿಯಲ್ಲಿ ನಾಲ್ಕು ಹೆಸರಿದ್ದು ಪೋಡಿ (ಅಳೆದು ಪಾಲು ಬೇರ್ಪಡಿಸುವುದು) ಆಗದ ನಂಬರುಗಳನ್ನು ಈಗಲೇ ಗುರುತು ಹಾಕಿ. ಕೊಳವೆಬಾವಿ, ಮಾವಿನ ಮರ, ಶೆಡ್ಡು, ಕಾಂಪೌಂಡ್ ಎಲ್ಲಕ್ಕೂ ದಿನಾಂಕವಿರುವ ಫೋಟೋ ಬೇಕು. ರಸ್ತೆ ಅಗಲವಾಗುವ ಸುದ್ದಿ ಹರಡಿದ ಮೇಲೆ ಹೊಸ ಶೆಡ್ಡುಗಳು ಬಹಳ ಬೇಗ ಏಳುತ್ತವೆ.

ಡ್ರೋನ್ ಸರ್ವೆ ಮಾಡುವವರು, ಹುಬ್ಬಳ್ಳಿ

ಎಲ್ಲರೂ ಕಲ್ಲು, ಸರಪಳಿ ಎನ್ನುತ್ತಿದ್ದೀರಿ. 18 ಕಿ.ಮೀ. ಪಟ್ಟಿಯ ಮೇಲೆ ಡ್ರೋನ್ ಹಾರಿಸಿದರೆ ಮನೆ, ಕಂಬ, ಮೋರಿ, ಮರ ಎಲ್ಲವೂ ಒಂದೇ ಸಲಕ್ಕೆ ಸಿಗುತ್ತವೆ. ಹಾರಿಸುವ ಮೊದಲು ಡಿಜಿಟಲ್ ಸ್ಕೈ ಎಂಬ ಸರ್ಕಾರಿ ಡ್ರೋನ್ ನಕ್ಷೆಯಲ್ಲಿ ಹಸಿರು ವಲಯವೇ (ಮುಂಗಡ ಅನುಮತಿ ಬೇಡದ ಜಾಗವೇ) ಎಂದು ನೋಡಿಕೊಳ್ಳಿ. ನೆಲದ ಮೇಲೆ ಗುರುತು ಬಿಂದುಗಳನ್ನು ಬರಿ ಎರಡು ತುದಿಯಲ್ಲಿ ಇಡದೆ ರಸ್ತೆಯ ಎಡಕ್ಕೊಂದು ಬಲಕ್ಕೊಂದು ಎಂಬಂತೆ ಉದ್ದಕ್ಕೂ ಇಡಿ. ಉದ್ದನೆಯ ಕಿರಿದಾದ ಪಟ್ಟಿಯಲ್ಲಿ ಬಿಂದು ಕಡಿಮೆಯಾದರೆ ನಡುಭಾಗ ಬಿಲ್ಲಿನಂತೆ ಬಾಗುತ್ತದೆ.

ಒಂದು ಮಿತಿ ಒಪ್ಪಿಕೊಳ್ಳಲೇಬೇಕು. ನಿಮ್ಮ ಭಾಗದಲ್ಲಿ ನೀಲಗಿರಿ ತೋಪುಗಳು ಹೆಚ್ಚು. ಕ್ಯಾಮೆರಾಗೆ ಕಾಣುವುದು ಮರದ ತಲೆ, ಅದರ ಕೆಳಗಿನ ನೆಲವಲ್ಲ. ಅಂಥ ಕಡೆ ಟೋಟಲ್ ಸ್ಟೇಷನ್ ಹೊತ್ತುಕೊಂಡೇ ನುಗ್ಗಬೇಕು.

ರಸ್ತೆ ವಿನ್ಯಾಸ ಎಂಜಿನಿಯರ್, ಮೈಸೂರು

ಎತ್ತರದ ಮಾತನ್ನು ಯಾರೂ ಎತ್ತಲಿಲ್ಲ. ವಿನ್ಯಾಸ ಮಾಡುವ ನಮಗೆ ಹೆಚ್ಚು ತೊಂದರೆ ಕೊಡುವುದೇ ಅದು.

ಡಿಜಿಪಿಎಸ್ ಕೊಡುವುದು ಗಣಿತದ ಗೋಳಾಭದಿಂದ ಅಳೆದ ಎತ್ತರ. ಬೆಂಗಳೂರು ಸುತ್ತಿನ ಪ್ರದೇಶದಲ್ಲಿ ಸರಾಸರಿ ಸಮುದ್ರಮಟ್ಟದ ಮೇಲ್ಮೈ ಆ ಗೋಳಾಭಕ್ಕಿಂತ ಸುಮಾರು 86 ಮೀಟರ್ ಕೆಳಗಿದೆ. ನಿಮ್ಮ ಅಂಕಿಗಳು ಕಡಿಮೆ ಬಂದದ್ದು ಅದಕ್ಕೇ. ಹಾಗೆಂದು ಎಲ್ಲಕ್ಕೂ 86 ಕೂಡಿಸಿ ಕೈತೊಳೆದುಕೊಳ್ಳಬೇಡಿ, ಈ ಅಂತರ ಊರಿಂದ ಊರಿಗೆ ಬದಲಾಗುತ್ತದೆ. 500ಕ್ಕೆ 1ರ ಇಳಿಜಾರಿನ ಚರಂಡಿ ನೂರು ಮೀಟರಿನಲ್ಲಿ ಇಳಿಯುವುದು 20 ಸೆಂ.ಮೀ. ಮಾತ್ರ, ಎತ್ತರದ ಸಣ್ಣ ತಪ್ಪೂ ಅದನ್ನು ನುಂಗಿಬಿಡುತ್ತದೆ. ಸಮುದ್ರಮಟ್ಟದಿಂದ ಎತ್ತರ ಖಚಿತವಾಗಿರುವ ಸರ್ವೆ ಆಫ್ ಇಂಡಿಯಾದ ಬೆಂಚ್‌ಮಾರ್ಕ್ ಒಂದರಿಂದ ಆಟೋ ಲೆವೆಲ್ (ಎತ್ತರದ ವ್ಯತ್ಯಾಸ ಅಳೆಯುವ ಉಪಕರಣ) ಹಿಡಿದು ಹೊರಟು ಇನ್ನೊಂದರಲ್ಲಿ ಮುಗಿಸಿ. ದಾರಿಯ ಮೋರಿಗಳ ತಡೆಗೋಡೆಗಳ ಮೇಲೆ ತಾತ್ಕಾಲಿಕ ಬೆಂಚ್‌ಮಾರ್ಕ್ ಬರೆಯುತ್ತಾ ಹೋಗಿ. ಆದರೆ ಅಗಲೀಕರಣದಲ್ಲಿ ಒಡೆಯಲಿರುವ ಮೋರಿಯ ಮೇಲೆ ಬರೆಯಬೇಡಿ! ರೈಲ್ವೆ ನಿಲ್ದಾಣದ ಫಲಕದ ಮೇಲಿನ ಎತ್ತರದಿಂದ ಲೆವೆಲ್ ಆರಂಭಿಸಿದ ಹಾಳೆಗಳೂ ನನ್ನ ಮೇಜಿಗೆ ಬಂದಿವೆ, ಬಂದ ದಾರಿಯಲ್ಲೇ ಹಿಂದೆ ಹೋಗಿವೆ. ಉಚಿತವಾಗಿ ಸಿಗುವ 30 ಮೀಟರಿಗೊಂದು ಬಿಂದುವಿರುವ ಉಪಗ್ರಹ ಎತ್ತರ ದತ್ತಾಂಶದಿಂದ ಒಂದು ಮೀಟರ್ ಅಂತರದ ಸಮೋನ್ನತಿ ರೇಖೆ ಎಳೆಯುವವರಿಗೂ ಅದೇ ಉತ್ತರ. ತಂತ್ರಾಂಶ ಎಳೆದುಕೊಡುತ್ತದೆ, ನೆಲ ಒಪ್ಪುವುದಿಲ್ಲ.

ಕೋಲಾರ ಕೆರೆಗಳ ಜಿಲ್ಲೆ. 2018ರಿಂದ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆನೀರು ಕೆ.ಸಿ. ವ್ಯಾಲಿ ಯೋಜನೆಯಿಂದ ಬಂದು ಎಷ್ಟೋ ಕಾಲ ಒಣಗಿದ್ದ ಕೆರೆಗಳು ತುಂಬಿವೆ. ಅದಕ್ಕೂ ಹಿಂದಿನ ಚಿತ್ರದಲ್ಲಿ ಅಂಗಳದ ನಡುವೆ ಟ್ರ್ಯಾಕ್ಟರ್ ಹಾದಿಯೇ ಕಾಣಬಹುದು. ಚಿತ್ರದ ದಿನಾಂಕ ನೋಡದೆ ಕೆರೆಯಂಚು ಎಳೆಯಬೇಡಿ. ಕೋಡಿಯ ಮಟ್ಟವನ್ನು ಲೆವೆಲ್‌ನಿಂದ ಹಿಡಿಯಿರಿ. ಕೆರೆ ತುಂಬಿದಾಗ ನೀರು ಎಲ್ಲಿಯವರೆಗೆ ನಿಲ್ಲುತ್ತದೆ ಎಂಬುದನ್ನು ಆ ಮಟ್ಟ ಹೇಳುತ್ತದೆ. ಏರಿ, ತೂಬು, ಕೋಡಿಯಿಂದ ಮುಂದಿನ ಕೆರೆಗೆ ಹೋಗುವ ಕಾಲುವೆ, ಎಲ್ಲವೂ ಹಾಳೆಯಲ್ಲಿ ಇರಲಿ, ಕಾಲುವೆಯಲ್ಲಿ ಈಗ ರಾಗಿ ಬೆಳೆದಿದ್ದರೂ ಸರಿ. ಪ್ರತಿ ಮೋರಿಯ ತಳಮಟ್ಟ ಎರಡೂ ಬದಿಯಲ್ಲಿ ಬೇಕು. ನೆಲದಡಿಯ ಕೊಳವೆ, ಕೇಬಲ್‌ಗಳನ್ನು ಆಯಾ ಇಲಾಖೆ ಕೊಟ್ಟ ಕಾಗದದಿಂದ ಎಳೆದಿದ್ದರೆ ಚುಕ್ಕಿಗೆರೆಯಲ್ಲಿ ತೋರಿಸಿ, ಗುಂಡಿ ತೋಡಿ ನೋಡಿದ್ದರೆ ಮಾತ್ರ ಅಖಂಡ ಗೆರೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಧನ್ಯವಾದ. 43 ಹಿಡಿಯಲೇ, 44 ಹಿಡಿಯಲೇ? ತಿಂಗಳ ಕೊನೆಯೊಳಗೆ ಟಿಪ್ಪಣಿಗಳೆಲ್ಲ ಕೈಗೆ ಬರುವುದು ಅನುಮಾನ. ಮೇಲಧಿಕಾರಿಗೆ ಏನು ಕೊಡಲಿ?

ಜಿಐಎಸ್ ತಂತ್ರಜ್ಞ, ಬೆಂಗಳೂರು

ಅಂಚಿನಲ್ಲಿ ಎರಡರ ಹಿಗ್ಗುವಿಕೆಯೂ ಹೆಚ್ಚುಕಡಿಮೆ ಒಂದೇ. ನಿಮ್ಮ ರಸ್ತೆಗೆ ಕೂಡುವ ಬೇರೆ ಕಾಮಗಾರಿಯ ದತ್ತಾಂಶ ಯಾವ ವಲಯದಲ್ಲಿದೆ ಎಂದು ಇಲಾಖೆಯಲ್ಲಿ ಕೇಳಿ, ಅದನ್ನೇ ಇಟ್ಟುಕೊಳ್ಳಿ.

ರಸ್ತೆ ವಿನ್ಯಾಸ ಎಂಜಿನಿಯರ್, ಮೈಸೂರು

ಆಧಾರವಾಗಿ ಹಿಡಿದ ನಿಯಂತ್ರಣ ಬಿಂದುಗಳು, ಲೆವೆಲ್‌ಗಳು, ಸ್ಥಳದ ವಿವರಗಳು ತಿಂಗಳೊಳಗೆ ಮುಗಿಯುತ್ತವೆ. ರಸ್ತೆಯ ಗೆರೆ ವಿನ್ಯಾಸ ಶುರುಮಾಡಲು ಅಷ್ಟು ಸಾಕು, ಗಡಿ ಪದರಕ್ಕೆ ನಾವು ಕಾಯುತ್ತೇವೆ. ಆ ಪದರವನ್ನು ಬಿಡದೆ ಕೊಡಿ, ಆದರೆ 'ಗ್ರಾಮ ನಕ್ಷೆಯಿಂದ, ಟಿಪ್ಪಣಿ ಪರಿಶೀಲನೆ ಬಾಕಿ' ಎಂದು ಅದರ ಮೇಲೆಯೇ ಬರೆದು ಕೊಡಿ. ಹಾಳೆಯ ಮೂಲೆಯಲ್ಲಿ ಪ್ರತಿ ಪದರ ಎಲ್ಲಿಂದ ಬಂತು, ಯಾವ ದಿನಾಂಕದ್ದು, ಎಷ್ಟು ಮೀಟರ್ ಆಚೀಚೆ ಇರಬಹುದು ಎಂಬ ಪಟ್ಟಿ ಹಾಕಿದರೆ ನಿಮ್ಮ ಮೇಲಧಿಕಾರಿಗೂ ಇಲಾಖೆಯ ಮುಂದೆ ಉತ್ತರ ಹೇಳಲು ಅನುಕೂಲ.

ನಿವೃತ್ತ ಭೂಮಾಪಕ, ಹಾಸನ

ಟಿಪ್ಪಣಿ ಪ್ರತಿಗಳಿಗೆ ಅರ್ಜಿಯನ್ನು ನಾಳೆ ಬೆಳಿಗ್ಗೆಯೇ ಹಾಕಿ. ನಿಮ್ಮದು ಎರಡು ತಾಲ್ಲೂಕುಗಳ ರಸ್ತೆ, ಮಾಲೂರಿನಲ್ಲೊಂದು, ಕೋಲಾರದಲ್ಲೊಂದು ಅರ್ಜಿ. ಸರ್ವೆ ನಂಬರುಗಳನ್ನು ಗ್ರಾಮವಾರು ಪಟ್ಟಿ ಮಾಡಿ ಲಗತ್ತಿಸಿ, ತಾಲ್ಲೂಕಿನ ಗಡಿಯಲ್ಲಿರುವ ಗ್ರಾಮಗಳನ್ನು ಮೊದಲು ಬರೆಯಿರಿ.