ಸಹಾಯ ಬೇಕು: ಹೃದಯ ಶಸ್ತ್ರಚಿಕಿತ್ಸೆ ನಂತರದ ಕಿಡ್ನಿ ವೈಫಲ್ಯ, ಮನೆಯವರಿಗೆ ಕನ್ನಡ ಮಾಹಿತಿ ಹಾಳೆ

ಐಸಿಯು ನರ್ಸ್‌ಗಳು, ಡಯಾಲಿಸಿಸ್ ತಂತ್ರಜ್ಞರು, ಕಿಡ್ನಿ ತಜ್ಞರು ದಯವಿಟ್ಟು ನೋಡಿ. ಬೈಪಾಸ್ ಅಥವಾ ಕವಾಟದ ಆಪರೇಷನ್ ಆದವರ ಮನೆಯವರಿಗೆ ಒಂದು ಪುಟದ ಹಾಳೆ ಬರೆಯುತ್ತಿದ್ದೇವೆ. ಕರಡು ಹೀಗಿದೆ.

ಮೊದಲ ಸುಳಿವು ಸಾಮಾನ್ಯವಾಗಿ ಮೂತ್ರದ ಚೀಲದಲ್ಲೇ ಸಿಗುತ್ತದೆ. ಗಂಟೆಗೆ, ಕಿಲೋ ತೂಕಕ್ಕೆ 0.5 ಮಿ.ಲೀ.ಗಿಂತ ಕಡಿಮೆ ಮೂತ್ರ 6 ಗಂಟೆ ಮುಂದುವರಿದರೆ ಅದು ಕಿಡ್ನಿಗೆ ಪೆಟ್ಟಾದ ಲಕ್ಷಣ. 70 ಕಿಲೋ ಇರುವವರಿಗೆ ಗಂಟೆಗೆ 35 ಮಿ.ಲೀ. ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ, ರಕ್ತ ಪರೀಕ್ಷೆಯಲ್ಲಿ ಅಳೆಯುವ ತ್ಯಾಜ್ಯ) 48 ಗಂಟೆಯೊಳಗೆ 0.3 ಮಿ.ಗ್ರಾಂ/ಡೆ.ಲೀ. ಏರಿದರೂ, 7 ದಿನದೊಳಗೆ ಒಂದೂವರೆ ಪಟ್ಟಾದರೂ ಅದೇ ಅರ್ಥ. ಆದರೆ ಕ್ರಿಯಾಟಿನಿನ್ ತಡವಾಗಿ ಏರುತ್ತದೆ, ಕೊಟ್ಟ ದ್ರವದಿಂದ ರಕ್ತ ತೆಳುವಾಗಿ ಮೊದಲ ದಿನ ಸರಿಯಾಗಿಯೇ ಕಾಣಬಹುದು. 'ರಿಪೋರ್ಟ್ ನಾರ್ಮಲ್' ಎಂದು ಮನೆಯವರು ನಿಟ್ಟುಸಿರು ಬಿಡುವುದು ಇಲ್ಲಿಯೇ.

ಕಾರಣ ಒಂದೇ ಅಲ್ಲ: ಆಪರೇಷನ್ ವೇಳೆ ಪಂಪ್ (ಹೃದಯ-ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಮೇಲಿದ್ದಾಗ ರಕ್ತದೊತ್ತಡ ಇಳಿಯುವುದು, ಕೆಂಪು ರಕ್ತಕಣಗಳು ಒಡೆಯುವುದು, ದುರ್ಬಲ ಹೃದಯದಿಂದ ಕಿಡ್ನಿಯ ಅಭಿಧಮನಿಗಳಲ್ಲಿ (ರಕ್ತವನ್ನು ಹೃದಯದತ್ತ ಮರಳಿಸುವ ನಾಳಗಳಲ್ಲಿ) ರಕ್ತ ಮುಂದೆ ಸಾಗದೆ ತುಂಬಿಕೊಳ್ಳುವುದು. ಈ ಕೊನೆಯದನ್ನು ಸರಳವಾಗಿ ಹೇಳಲು ನಮಗೆ ಆಗುತ್ತಿಲ್ಲ. 'ನೀರು ಜಾಸ್ತಿ ಕುಡಿಸಿ' ಎಂಬ ಸಲಹೆ ಇಂಥವರಿಗೆ ಅಪಾಯ.

ಬೇಕಿರುವ ಸಹಾಯ: ಕಿಡ್ನಿಯಲ್ಲಿ ರಕ್ತ ಹೀಗೆ ತುಂಬಿಕೊಳ್ಳುವುದಕ್ಕೊಂದು ಒಳ್ಳೆಯ ಹೋಲಿಕೆ, ಬಿಪಿ ನಿಲ್ಲದವರಿಗೆ ದಿನವಿಡೀ ನಿಧಾನವಾಗಿ ನಡೆಸುವ ಡಯಾಲಿಸಿಸ್‌ಗೆ ನೀವು ಬಳಸುವ ಕನ್ನಡ ಪದ, ಡಿಸ್ಚಾರ್ಜ್ ಬಳಿಕ ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ ಬೇಡ ಎನ್ನುವಾಗ, ವೈದ್ಯರು ಬರೆದ ಆಸ್ಪಿರಿನ್ ಅನ್ನೂ ರೋಗಿ ನಿಲ್ಲಿಸದಂತೆ ಹೇಳುವ ವಾಕ್ಯ. ತಪ್ಪಿದ್ದರೆ ನೇರವಾಗಿ ತಿದ್ದಿ.